ಅಂಗಿ ತೊಡಲು 40 ನಿಮಿಷ

"ಅಂಗಿ ನೀವೇ ಹಾಕಿಕೊಳ್ಳುತ್ತೀರಾ?" ಎಂದು ಕೇಳಿದರು, ನನ್ನ ಅಗತ್ಯವನ್ನು ಅಳೆಯಲು ಮನೆಗೆ ಬಂದಿದ್ದ ಅಧಿಕಾರಿ. "ಹೌದು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಹಾಳೆಯಲ್ಲೊಂದು ಗುರುತು ಹಾಕಿದರು. ಬೆಳಗಿನ ಸಹಾಯಕರಿಗಾಗಿ ನಾನು ಕೇಳಿದ್ದ ನೆರವು ಆ ಗುರುತಿನ ಜೊತೆಗೇ ಹೋಯಿತು.

ಕತ್ತಿನ ಕೆಳಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಆಗ 9 ತಿಂಗಳಾಗಿತ್ತು. ಕಾಲುಗಳಲ್ಲಿ ಚಲನೆಯಿಲ್ಲ. ತೋಳು ಎತ್ತಬಲ್ಲೆ, ಬೆರಳು ಮಡಚಲಾರೆ. ಆದರೆ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿದರೆ ಬೆರಳುಗಳು ತಾವಾಗಿಯೇ ಒಳಕ್ಕೆ ಸೇರಿಕೊಳ್ಳುತ್ತವೆ. ಆ ಅರೆಬರೆ ಹಿಡಿತದಲ್ಲೇ ಅಂಗಿ ತೊಡುವುದನ್ನು ಕಲಿತಿದ್ದೆ. ಅದಕ್ಕೆ 40 ನಿಮಿಷ ಹಿಡಿಯುತ್ತಿತ್ತು, ಆಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗಬೇಕಾಗುತ್ತಿತ್ತು. ಅಧಿಕಾರಿ ಇದನ್ನು ಕೇಳಲಿಲ್ಲ, ನಿಜ. ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು ಎನ್ನುವುದೂ ಅಷ್ಟೇ ನಿಜ.

ಅರ್ಜಿ ತಿರಸ್ಕೃತವಾದ ಮೇಲೆ ಕೈಯಲ್ಲಿ ಬೇಕಾದಷ್ಟು ಸಮಯವಿತ್ತು. ಇಂಥ ಅಳತೆಯ ಹಾಳೆಗಳ ಬಗ್ಗೆ ಓದುತ್ತಾ ಹೋದೆ. ಇವುಗಳಲ್ಲಿ ಹಳೆಯವುಗಳಲ್ಲೊಂದಾದ ಬಾರ್ಥೆಲ್ ಸೂಚ್ಯಂಕ 1965ರಲ್ಲಿ ಪ್ರಕಟವಾದದ್ದು. ಊಟ, ಸ್ನಾನ, ಉಡುಪು, ಶೌಚ ಎಂದು 10 ವಿಷಯ, ಒಟ್ಟು 100 ಅಂಕ. ಅದನ್ನು ರೂಪಿಸಿದವರೇ ಒಂದು ಎಚ್ಚರಿಕೆ ಬರೆದಿದ್ದಾರೆ: 100 ಅಂಕ ಬಂದವರು ಒಬ್ಬರೇ ಬದುಕಬಲ್ಲರು ಎಂದು ಇದರ ಅರ್ಥವಲ್ಲ, ಅಡುಗೆ ಮಾಡಲು, ಮನೆ ನಡೆಸಲು ಅವರಿಗೆ ಆಗದಿರಬಹುದು. ಉಣ್ಣುವ, ಉಡುವ ಕೆಲಸಗಳು 'ಸಮಂಜಸ ಸಮಯದಲ್ಲಿ' ಮುಗಿಯಬೇಕು ಎಂಬ ಮಾತೂ ಅಲ್ಲಿದೆ. ನನ್ನ ಮನೆಗೆ ಬಂದ ಹಾಳೆ ಬೇರೆಯದಾಗಿತ್ತು. ಸಮಯದ ಮಾತು ಅದರಲ್ಲಿರಲೇ ಇಲ್ಲ. ಹಾಗಾದರೆ ಸಮಯವನ್ನು ನಾನೇ ಬರೆದು ಕೊಡುತ್ತೇನೆ ಎಂದು ಹಟ ಹಿಡಿದೆ.

14 ದಿನ ದಿನಚರಿ ಬರೆದೆವು. ನಾನು ಹೇಳುತ್ತಿದ್ದೆ, ಅಕ್ಕ ಬರೆಯುತ್ತಿದ್ದಳು. ಯಾವ ಕೆಲಸ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು, ಯಾರು ಮಾಡಿದರು, ಮಾಡದಿದ್ದರೆ ಏನಾಗುತ್ತಿತ್ತು. ಕೊನೆಯ ಅಂಕಣವೇ ಮುಖ್ಯ. 'ರಾತ್ರಿ ಮಗ್ಗುಲು ಬದಲಿಸುವುದು, 6 ನಿಮಿಷ' ಎಂದಷ್ಟೇ ಬರೆದರೆ ಅದು ಆರು ನಿಮಿಷದ ಕೆಲಸ. 'ಬದಲಿಸದಿದ್ದರೆ ಹಾಸಿಗೆ ಹುಣ್ಣು' ಎಂದು ಪಕ್ಕದಲ್ಲಿ ಬರೆದಾಗ, ಆ ಆರು ನಿಮಿಷಕ್ಕಾಗಿ ಒಬ್ಬರು ರಾತ್ರಿ ಮೂರು ಬಾರಿ ಏಳಬೇಕೆಂಬುದು ಓದುವವರಿಗೆ ಹೊಳೆಯುತ್ತದೆ. ಒಳ್ಳೆಯ ದಿನ, ಕೆಟ್ಟ ದಿನ ಎರಡನ್ನೂ ಬರೆದೆವು. ಸುಳ್ಳು ಸೇರಿಸಲಿಲ್ಲ, ಸೇರಿಸುವ ಅಗತ್ಯವೂ ಬರಲಿಲ್ಲ.

ಕೂಡಿಸಿದಾಗ ಹಗಲಿಗೆ ಆರೂವರೆ ಗಂಟೆಯ ಕೆಲಸ ಬಂತು. ಅದರಲ್ಲಿ ಐದು ಗಂಟೆಗೂ ಹೆಚ್ಚು ಅಕ್ಕನದು. ಅವಳ ಗಂಟೆಗಳಿಗೂ ಪೇಟೆಯ ದರ ಹಾಕಿ ಅರ್ಜಿಯಲ್ಲಿ ತೋರಿಸಿದೆ. "ನನಗೆ ಕೂಲಿ ಕಟ್ಟುತ್ತೀಯೇನೋ?" ಎಂದು ಅವಳು ಎರಡು ದಿನ ಮಾತು ಬಿಟ್ಟಳು. ಅವಳ ಸೊಂಟ ಆಗಲೇ ಹಿಡಿದುಕೊಂಡಿತ್ತು, ಬಗ್ಗಿದರೆ ಏಳಲು ಗೋಡೆ ಹಿಡಿಯಬೇಕಿತ್ತು. ಬಿಟ್ಟಿಯಾಗಿ ನಡೆಯುವ ಕೆಲಸ ಯಾವ ಕಚೇರಿಯ ಲೆಕ್ಕಕ್ಕೂ ಬರುವುದಿಲ್ಲ ಎಂದು ಅವಳಿಗೆ ಹೇಳಿದ್ದು ನಾನಲ್ಲ, ಅವಳನ್ನು ನೋಡಿದ ಫಿಸಿಯೊಥೆರಪಿಸ್ಟ್.

ಎರಡನೇ ಅರ್ಜಿಗೆ ದಿನಕ್ಕೆ 4 ಗಂಟೆ, ವಾರಕ್ಕೆ 3 ರಾತ್ರಿ ಮಂಜೂರಾಯಿತು. ಉಳಿದದ್ದನ್ನು ತೇಪೆ ಹಚ್ಚಿ ಹೊಂದಿಸಿದ್ದು. ವಿಮೆಯನ್ನು ನಂಬಿದ್ದೆ, ಷರತ್ತುಗಳನ್ನು ಓದಿದಾಗ ನರ್ಸ್ ಮಾಡುವ ಕೆಲಸಕ್ಕೆ ಮಾತ್ರ ಹಣ, ಸ್ನಾನ ಮಾಡಿಸುವುದಕ್ಕೆ, ಉಡಿಸುವುದಕ್ಕೆ ಇಲ್ಲ ಎಂದಿತ್ತು. ವಾರಕ್ಕೊಮ್ಮೆ ಚರ್ಮ ಮತ್ತು ಮೂತ್ರನಳಿಕೆ (ಮೂತ್ರ ಹೊರಹರಿಯಲು ಹಾಕಿರುವ ಕ್ಯಾತಿಟರ್) ನೋಡಿಕೊಳ್ಳಲು ಬರುವ ನರ್ಸ್ ಖರ್ಚನ್ನು ಅದಕ್ಕೆ ವಹಿಸಿದೆ. ಕೆಲಸಕ್ಕೆ ಮರಳಿದ ಮೇಲೆ ದಿನಕ್ಕೆ ಒಂದೂವರೆ ಗಂಟೆ ನನ್ನ ಸಂಬಳದಿಂದ. ದೂರದಲ್ಲಿರುವ ಅಣ್ಣ ಫೋನ್ ಮಾಡಿದಾಗಲೆಲ್ಲ "ಏನಾದರೂ ಬೇಕಿದ್ದರೆ ಹೇಳು" ಎನ್ನುತ್ತಿದ್ದ. ಆ ಮಾತಿಗೆ ಎಲ್ಲರಂತೆ ನಾನೂ "ಆಗಲಿ" ಎನ್ನುತ್ತಿದ್ದೆ. ಒಂದು ದಿನ, "ಬುಧವಾರ, ಶನಿವಾರದ ರಾತ್ರಿಗಳು ನಿನ್ನ ಲೆಕ್ಕ" ಎಂದೆ. ಫೋನಿನಲ್ಲಿ ಒಂದು ಕ್ಷಣ ಸದ್ದಿರಲಿಲ್ಲ. ಅಂದಿನಿಂದ ಇಂದಿನವರೆಗೆ ಹಣ ಒಮ್ಮೆಯೂ ತಡವಾಗಿಲ್ಲ. ದಿನದ ಒಂದು ಗಂಟೆ, ವಾರದ ಎರಡು ರಾತ್ರಿ ಅಕ್ಕನಿಗೇ ಉಳಿದವು. ಅದನ್ನು ಇಳಿಸಲು ನನಗಿನ್ನೂ ಆಗಿಲ್ಲ.

ಹಣ ಒದಗಿದರೂ ಜನ ಸಿಗಬೇಕಲ್ಲ. ಮೊದಲು ಎಲ್ಲವನ್ನೂ ಏಜೆನ್ಸಿಗೆ ಬಿಟ್ಟೆ. ಒಬ್ಬರು ಬರದಿದ್ದರೆ ಇನ್ನೊಬ್ಬರನ್ನು ಕಳುಹಿಸುತ್ತಿದ್ದರು, ಅದು ದೊಡ್ಡ ಅನುಕೂಲ. ಆದರೆ ಮೊದಲ ತಿಂಗಳಲ್ಲೇ ಐದು ಮುಖ ನೋಡಿದೆ. ಐವರಿಗೂ ನನ್ನ ದೇಹವನ್ನು ಮೊದಲಿನಿಂದ ಪರಿಚಯಿಸಬೇಕಾಯಿತು. ಅದಕ್ಕೇ ಬೆಳಗಿನ ಹೊತ್ತಿಗೆ ಒಬ್ಬನನ್ನು ನೇರವಾಗಿ ನೇಮಿಸಿಕೊಂಡೆ, ರಾತ್ರಿಗಳನ್ನು ಏಜೆನ್ಸಿಗೇ ಬಿಟ್ಟೆ. ನೇಮಿಸಿಕೊಂಡ ಮೇಲೆ ನಾನು ರೋಗಿಯಲ್ಲ, ಯಜಮಾನ: ಸಂಬಳದ ದಿನ, ವಾರದ ರಜೆ, ಹೆಚ್ಚುವರಿ ಗಂಟೆಯ ದರ, ಬಿಡುವುದಾದರೆ ಎಷ್ಟು ದಿನದ ಮುನ್ಸೂಚನೆ, ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕಿದೆವು.

ಅವನು ಬಂದ ಮೂರನೇ ದಿನ ನನಗೆ ಒಮ್ಮೆಲೇ ತಲೆ ಸಿಡಿಯುವಂಥ ನೋವು ಶುರುವಾಯಿತು. ಮುಖ ಕೆಂಪಾಗಿ ಹಣೆಯಲ್ಲಿ ಬೆವರು. ಪಾಪ, ಅವನು ನನ್ನನ್ನು ಮಲಗಿಸಿ ತಲೆನೋವಿನ ಮಾತ್ರೆ ಹುಡುಕಲು ಓಡಿದ. ಮಲಗಿಸಿದ್ದೇ ತಪ್ಪು. ಟಿ-6, ಅಂದರೆ ಸುಮಾರು ಎದೆಯ ನಡುವಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ಬರಬಹುದು. ದೇಹದ ಕೆಳಗೆಲ್ಲೋ ಆದ ತೊಂದರೆ ನಮಗೆ ತಿಳಿಯುವುದಿಲ್ಲ, ರಕ್ತದೊತ್ತಡ ಮಾತ್ರ ಅಪಾಯದ ಮಟ್ಟಕ್ಕೆ ಏರುತ್ತದೆ. ಬಹಳ ಸಲ ಕಾರಣ ತುಂಬಿದ ಮೂತ್ರಕೋಶ. "ಕೂರಿಸು, ಕೂರಿಸು!" ಎಂದು ಕೂಗಿದೆ. ನೋಡಿದರೆ ಮೂತ್ರನಳಿಕೆ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದ ಕೆಲವೇ ನಿಮಿಷಗಳಲ್ಲಿ ನೋವು ಇಳಿಯಿತು.

ತಪ್ಪು ಅವನದಲ್ಲ, ಹೇಳಿಕೊಡದ ನನ್ನದು. ಅಂದೇ ಸಂಜೆ ದಪ್ಪ ಅಕ್ಷರದ ಹಾಳೆಯೊಂದು ಹಾಸಿಗೆಯ ಪಕ್ಕದ ಗೋಡೆಗೇರಿತು: ನೇರವಾಗಿ ಕೂರಿಸು, ಬಿಗಿ ಬಟ್ಟೆ ಸಡಿಲಿಸು, ನಳಿಕೆ ನೋಡು, ರಕ್ತದೊತ್ತಡ ಅಳೆ, ಇಳಿಯದಿದ್ದರೆ ಆಂಬುಲೆನ್ಸ್. ಹೊಸಬರು ಯಾರೇ ಬರಲಿ, ಮೊದಲ ದಿನ ಇದನ್ನು ಗಟ್ಟಿಯಾಗಿ ಓದಿಸುತ್ತೇನೆ.

ಬದಲಿ ಆಳಿನ ವಿಷಯದಲ್ಲೂ ಪೆಟ್ಟು ತಿಂದೇ ಕಲಿತೆ. ಬೆಳಗಿನವನಿಗೆ ಜ್ವರ ಬಂದ ದಿನ ಮಧ್ಯಾಹ್ನದವರೆಗೆ ಹಾಸಿಗೆಯಲ್ಲೇ ಇದ್ದೆ. ಈಗ ಇನ್ನೊಬ್ಬನಿಗೆ 15 ದಿನಕ್ಕೊಮ್ಮೆ ಅರ್ಧ ದಿನದ ಸಂಬಳ ಕೊಟ್ಟು ಕೆಲಸ ಮಾಡಿಸುತ್ತೇನೆ, ನನ್ನನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸುವ ಕೈಯಳತೆ ಅವನಿಗೆ ಮರೆಯದಿರಲೆಂದು. ಅಣ್ಣನಿಗೆ ಇದು ದಂಡದ ಖರ್ಚಾಗಿ ಕಾಣುತ್ತದೆ. ಅವನು ಮಧ್ಯಾಹ್ನದವರೆಗೆ ಚಾವಣಿ ನೋಡುತ್ತಾ ಮಲಗಿಲ್ಲ.

ಮುಂದಿನ ತಿಂಗಳು ಮರುಪರಿಶೀಲನೆಗೆ ಬರುತ್ತಾರಂತೆ. ದಿನಚರಿಯ ಪುಸ್ತಕವನ್ನು ಮತ್ತೆ ಹೊರತೆಗೆದಿದ್ದೇವೆ, ಅಕ್ಕ ಗೆರೆ ಎಳೆದಿಟ್ಟಿದ್ದಾಳೆ. ನಿನ್ನೆ ಅಂಗಿಗೆ 38 ನಿಮಿಷ.