ಮೆಣಸು ಕೊಯ್ಲಿನ ನಡುವೆ ತಪಸ್ಸುಕಾಲ: ಎಸ್ಟೇಟಿನ ಚಾಪೆಲ್‌ನಲ್ಲಿ ನಾವು ನಡೆಸುವ ಬಗೆ

ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ತಪಸ್ಸುಕಾಲ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಕ್ರೈಸ್ತರ ಉಪವಾಸ, ಪ್ರಾರ್ಥನೆಯ ದಿನಗಳು, ಬರುವುದೇ ಕೈಗೆ ಬಿಡುವಿಲ್ಲದ ತಿಂಗಳುಗಳಲ್ಲಿ. ರೊಬಸ್ಟಾ ಕೊಯ್ಲಿನ ಕೊನೆ, ಕಾಳುಮೆಣಸು, ಹೂವಿಗೆ ಸ್ಪ್ರಿಂಕ್ಲರ್ ಎಲ್ಲ ಒಟ್ಟಿಗೆ ಬರುತ್ತವೆ. ಪೇಟೆಯ ದೇವಾಲಯದ ವೇಳಾಪಟ್ಟಿಯನ್ನೇ ತಂದು ಲೈನ್ ಮನೆಗಳ (ಕಾರ್ಮಿಕರ ಸಾಲುಮನೆಗಳ) ಚಾಪೆಲ್ ಬಾಗಿಲಿಗೆ ಅಂಟಿಸಿದರೆ ಮೊದಲ ಶುಕ್ರವಾರದ ಪ್ರಾರ್ಥನೆಗೆ ಜಾಗ ಸಾಲುವುದಿಲ್ಲ, ಮೂರನೇ ಶುಕ್ರವಾರಕ್ಕೆ ಉಳಿಯುವವರು ಉಪದೇಶಿ ಮತ್ತು ಇಬ್ಬರು ಅಜ್ಜಿಯರು. ಜನರಿಗೆ ಭಕ್ತಿ ಕಮ್ಮಿಯಾಯಿತು ಎಂದು ದೂರುವುದರಲ್ಲಿ ಅರ್ಥವಿಲ್ಲ. ಪ್ರಾರ್ಥನೆಗೆ ಇಟ್ಟ ಹೊತ್ತಿನಲ್ಲಿ ಅವರು ಮೆಣಸು ತೂಕ ಹಾಕಿಸುವ ಸರದಿಯಲ್ಲಿ ನಿಂತಿರುತ್ತಾರೆ. ಹಾಗಾಗಿ ತೋಟದ ಕೆಲಸದ ಪಟ್ಟಿ ಮೊದಲು, ಅದರ ಪಕ್ಕದಲ್ಲಿ ನಮ್ಮ ಪಟ್ಟಿ. ಚಾಪೆಲ್ ನೋಡಿಕೊಳ್ಳುವವನಾಗಿ ನಾನು ಹಿಡಿದಿರುವ ಕ್ರಮ ಇದು.

ಪಾಸ್ಕ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬೀಳಬಹುದು. ಅದಕ್ಕೆ 46 ದಿನ ಹಿಂದಿನದು ವಿಭೂತಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸುಕಾಲ ಶುರು ಮಾಡುವ ದಿನ. 2026ರಲ್ಲಿ ಫೆಬ್ರವರಿ 18 ಮತ್ತು ಏಪ್ರಿಲ್ 5. 2027ರಲ್ಲಿ ಫೆಬ್ರವರಿ 10 ಮತ್ತು ಮಾರ್ಚ್ 28. ಹಬ್ಬ ಬೇಗ ಬಂದರೆ ಕೊಯ್ಲಿನ ಗಡಿಬಿಡಿ ಜಾಸ್ತಿ. ತಡವಾಗಿ ಬಂದರೆ ಮಧ್ಯಾಹ್ನದ ಮೇಲಿನ ಗುಡುಗು ಮಳೆಯ ಕಾಟ. ಜನವರಿಯಲ್ಲೇ ರೈಟರ (ತೋಟದ ಗುಮಾಸ್ತರ) ಹತ್ತಿರ ಕೂತು ಕೆಲವು ವಿಷಯ ಕೇಳಿ ಬರೆದುಕೊಳ್ಳುತ್ತೇನೆ: ಮೆಣಸು ಯಾವ ಬ್ಲಾಕಿನಿಂದ ಶುರು, ಸ್ಪ್ರಿಂಕ್ಲರಿನ ರಾತ್ರಿ ಪಾಳಿ ಯಾರದು, ಬಟವಾಡೆ ಯಾವ ದಿನ, ಶುಭ ಶುಕ್ರವಾರ ಪೂರ್ತಿ ರಜೆಯೋ ಅರ್ಧ ದಿನವೋ. ರಜೆ ಸಿಗುವ ಹಾಗಿಲ್ಲದಿದ್ದರೆ ಮಧ್ಯಾಹ್ನ ಎರಡಕ್ಕೆ ಬಿಟ್ಟು, ಆ ಹೊತ್ತನ್ನು ಬೇರೆ ದಿನ ತುಂಬಿಕೊಡುವ ಮಾತು ಆಗಲೇ ಆಗಬೇಕು. ಪಾಸ್ಕದ ಹಿಂದಿನ ಪವಿತ್ರ ವಾರದಲ್ಲಿ ಹೋಗಿ ಕೇಳಿದರೆ ಸಾಹುಕಾರರಿಗೂ ಕಷ್ಟ, ಮೇಸ್ತ್ರಿಗೂ ಮುಜುಗರ.

ಇನ್ನು ವಿಭೂತಿ. ಕಳೆದ ವರ್ಷದ ಗರಿಗಳ ಭಾನುವಾರದಲ್ಲಿ (ಪಾಸ್ಕಕ್ಕೆ ಹಿಂದಿನ ಭಾನುವಾರ) ಹಂಚಿದ್ದ ಗರಿಗಳನ್ನೇ ಸುಟ್ಟು ಮಾಡುವುದು. ಮನೆಗಳಲ್ಲಿ ಅವು ಶಿಲುಬೆಯ ಹಿಂದೆ ಸಿಕ್ಕಿಸಿದ ಹಾಗೇ ಇರುತ್ತವೆ. ಹದಿನೈದು ದಿನ ಮೊದಲು ಪೂಜೆಯಲ್ಲಿ ಹೇಳಿ, ಬಾಗಿಲ ಬಳಿ ಒಂದು ಬುಟ್ಟಿ ಇಟ್ಟರೆ ಸಾಕು. ಬಂದ ಗರಿಗಳಿಂದ ಮೊದಲು ದಾರ, ರಿಬ್ಬನ್, ಪ್ಲಾಸ್ಟಿಕ್ ಹೂವು ಬಿಚ್ಚಿ ತೆಗೆಯಿರಿ. ಆಮೇಲೆ ನಡುವಿನ ಕಡ್ಡಿ ಸೀಳಿ ಬೇರೆ ಮಾಡಿ. ಕಡ್ಡಿ ಎಲೆಯಷ್ಟು ಬೇಗ ಸುಡುವುದಿಲ್ಲ. ಅರೆಬೆಂದ ಚೂರುಗಳು ಪುಡಿಯಲ್ಲಿ ಉಳಿದು ಹಣೆಗೆ ಚುಚ್ಚುತ್ತವೆ. ಮೂರ್ನಾಲ್ಕು ದಿನ ಬಿಸಿಲಿಗೆ ಹಾಕಿ, ಹಿಡಿದರೆ ಮುರಿಯುವ ಹಾಗಾದ ಮೇಲೆ ಹಳೆಯ ಕಬ್ಬಿಣದ ಬಾಣಲಿಯಲ್ಲಿ ಸ್ವಲ್ಪಸ್ವಲ್ಪವೇ ಸುಡುವುದು. ಸೀಮೆಎಣ್ಣೆ ಬೇಡವೇ ಬೇಡ, ಅದರ ವಾಸನೆ ಬೂದಿಯಿಂದ ಹೋಗುವುದಿಲ್ಲ. ಕರ್ಪೂರದ ಒಂದು ಚೂರು ಸಾಕು.

ಎಲ್ಲಿ ಸುಡಬೇಕು ಎನ್ನುವುದೂ ಸಣ್ಣ ವಿಷಯವಲ್ಲ. ಫೆಬ್ರವರಿಯಲ್ಲಿ ತೋಟದ ನೆಲ ಒಣ ತರಗೆಲೆಯ ಹಾಸಿಗೆ, ಒಂದು ಕಿಡಿ ಸಾಕು. ಸಿಮೆಂಟು ಕಣ ಒಳ್ಳೆಯ ಜಾಗದ ಹಾಗೆ ಕಾಣುತ್ತದೆ, ಆದರೆ ಅಲ್ಲಿ ಕಾಫಿ ಒಣಗುತ್ತಿದ್ದರೆ ಹತ್ತಿರ ಸುಳಿಯಬೇಡಿ. ಒಣಗುವ ಕಾಫಿ ಹೊಗೆಯ ವಾಸನೆಯನ್ನು ಹೀರಿಕೊಳ್ಳುತ್ತದೆ, ಆಮೇಲೆ ರುಚಿ ನೋಡುವವರ ಬಟ್ಟಲಲ್ಲಿ ಅದು ಹೊರಬರುತ್ತದೆ. ನಾವು ಸುಡುವುದು ಚಾಪೆಲ್ ಹಿಂದಿನ ನೀರಿನ ತೊಟ್ಟಿಯ ಕಟ್ಟೆಯ ಮೇಲೆ, ಪಕ್ಕದಲ್ಲಿ ಎರಡು ಬಕೆಟ್ ನೀರಿಟ್ಟುಕೊಂಡು, ಗಾಳಿ ಬಿದ್ದ ಮೇಲೆ.

ಉರಿ ಆರಿದ ಕೂಡಲೇ ಡಬ್ಬಿಗೆ ತುಂಬಬಾರದು, ಒಳಗೆ ಕೆಂಡ ಇರುತ್ತದೆ. ತಟ್ಟೆ ಮುಚ್ಚಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಸ್ಟೀಲ್ ಲೋಟದ ತಳದಿಂದ ಅರೆದು, ತೆಳು ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸುವುದು. ಗೋಣಿಚೀಲದಷ್ಟು ಗರಿಗೆ ಹಿಡಿಯಷ್ಟು ಬೂದಿ ಸಿಕ್ಕೀತು, ಚಾಪೆಲ್‌ಗೆ ಅದೇ ಧಾರಾಳ. ಬೆಳ್ಳಗೆ ಬೂದಿಯಾಗುವವರೆಗೂ ಸುಟ್ಟರೆ ಗುರುತು ಕಾಣುವುದಿಲ್ಲ. ಇದ್ದಿಲಿನ ಕಪ್ಪು ಸ್ವಲ್ಪ ಉಳಿದಿರುವಾಗಲೇ ಬಾಣಲಿಗೆ ಮುಚ್ಚಳ ಹಾಕಿ ಗಾಳಿ ತಡೆದರೆ ಬಣ್ಣ ಸರಿಯಾಗಿ ಬರುತ್ತದೆ.

ಈ ಬೂದಿಗೆ ನೀರು ಬೆರೆಸಬಾರದು. ಹಣೆಗೆ ಹತ್ತುವುದಿಲ್ಲ ಎಂದು ನೀರು ಕಲಸಿ ಲೇಪದ ಹಾಗೆ ಮಾಡುವವರಿದ್ದಾರೆ. ಗರಿಯ ಬೂದಿ ನೀರಿಗೆ ಬಿದ್ದರೆ ಕ್ಷಾರವಾಗುತ್ತದೆ, ಹಿಂದೆ ಬಟ್ಟೆ ಒಗೆಯುತ್ತಿದ್ದ ಬೂದಿನೀರು ಅದೇ ತಾನೆ. ಮಕ್ಕಳ ಹಣೆ ಕೆಂಪಾಗಿ ಉರಿಯುತ್ತದೆ, ಕೆಲವರಿಗೆ ಚರ್ಮ ಸುಡುವುದೂ ಉಂಟು. ಎಣ್ಣೆಯ ನಾಲ್ಕು ಹನಿ ಸಾಕು. ಅದರಲ್ಲೂ ಒಂದು ತೊಡಕಿದೆ: ನಮ್ಮ ಮನೆಗಳಲ್ಲಿರುವುದು ತೆಂಗಿನೆಣ್ಣೆ, ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಫೆಬ್ರವರಿಯ ಬೆಳಗಿನ ಚಳಿಗೆ ಹಿಂದಿನ ರಾತ್ರಿ ಕಲಸಿಟ್ಟ ವಿಭೂತಿ ಉಂಡೆಗಟ್ಟಿರುತ್ತದೆ. ಪುಡಿಯನ್ನು ಒಣಗಿದ್ದ ಹಾಗೇ ಇಟ್ಟು, ವಿತರಣೆಗೆ ಸ್ವಲ್ಪ ಮುಂಚೆ ಎಣ್ಣೆ ಬೆಚ್ಚಗೆ ಮಾಡಿ ಬೆರೆಸಿ. ನೆತ್ತಿಯ ಮೇಲೆ ಉದುರಿಸುವ ಪದ್ಧತಿ ಇರುವ ಕಡೆ ಎಣ್ಣೆಯ ಗೊಡವೆಯೇ ಇಲ್ಲ.

ಹಚ್ಚಲು ನಮ್ಮಂಥವರು ನೆರವಾಗಬಹುದು, ಆಶೀರ್ವದಿಸುವುದು ಮಾತ್ರ ಗುರುಗಳ ಅಥವಾ ಡೀಕನರ ಕೆಲಸ. ಆದ್ದರಿಂದ ಮಂಗಳವಾರವೇ ಡಬ್ಬಿ ಧರ್ಮಕೇಂದ್ರಕ್ಕೆ, ಅಂದರೆ ಗುರುಗಳಿರುವ ಮುಖ್ಯ ಚರ್ಚಿಗೆ, ಹೋಗಬೇಕು. ಬುಧವಾರ ರಜೆಯ ದಿನವಲ್ಲ. ಕೆಲಸಕ್ಕೆ ಹಾಜರಿ ಎಂಟಕ್ಕೆ ಎಂದಾದರೆ ನಾವು ಆರೂವರೆಗೆ ಶುರು ಮಾಡುತ್ತೇವೆ. ರಾತ್ರಿ ಪಾಳಿ ಮುಗಿಸಿ ಬರುವವರಿಗೂ ಅದು ಸಿಗುತ್ತದೆ. ಉಳಿದ ವಿಭೂತಿಯನ್ನು ಗಿಡದ ಬುಡಕ್ಕೆ ಹಾಕಿ, ಚರಂಡಿಗೆ ಬೇಡ.

ಉಪವಾಸದ ವಿಷಯದಲ್ಲಿ ಗೊಂದಲ ಬಹಳ. ಧರ್ಮಸಭೆಯ ಕಾನೂನು ಕೇಳುವುದು ಇಷ್ಟೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, ಅಂದರೆ ಒಂದು ಪೂರ್ತಿ ಊಟ, ಜೊತೆಗೆ ಎರಡು ಹೊತ್ತು ಸ್ವಲ್ಪಸ್ವಲ್ಪ ಆಹಾರ. ಇದು 18 ತುಂಬಿದವರಿಂದ 59 ತುಂಬುವವರೆಗೆ. ಆ ಎರಡು ದಿನವೂ, ತಪಸ್ಸುಕಾಲದ ಶುಕ್ರವಾರಗಳಲ್ಲೂ ಮಾಂಸ ಬಿಡುವುದು 14 ತುಂಬಿದವರಿಗೆಲ್ಲ. ಮೀನು ತಿನ್ನಬಹುದು. ಕಾಯಿಲೆಯವರು, ಬಸುರಿಯರು, ಹಾಲೂಡಿಸುವವರು, ಮೈಮುರಿದು ದುಡಿಯುವವರು ಉಪವಾಸ ಮಾಡಲೇಬೇಕೆಂದಿಲ್ಲ. ಇದನ್ನು ಪೀಠದ ಬಳಿ ನಿಂತು ಜೋರಾಗಿಯೇ ಹೇಳಬೇಕು. ಏಕೆಂದರೆ ಸಿಲ್ವರ್ ಓಕ್ ಮರಕ್ಕೆ ಏಣಿ ಆನಿಸಿ ಮೂವತ್ತು ಅಡಿ ಮೇಲೆ ಮೆಣಸು ಬಿಡಿಸುವ ಮನುಷ್ಯ ಬೆಳಗಿನಿಂದ ಏನೂ ತಿನ್ನದೆ ಹತ್ತಿರುತ್ತಾನೆ, ಬಿಸಿಲೇರಿದ ಮೇಲೆ ತಲೆ ಸುತ್ತುತ್ತದೆ. ಏಣಿ ಹತ್ತುವವರು ಗಂಜಿ, ಹುರುಳಿಕಟ್ಟಿನ ಸಾರು ಉಂಡೇ ಹೋಗಲಿ, ಬದಲಿಗೆ ಸಂಜೆಯ ಬಾಟಲಿ ಬಿಡಲಿ ಎಂಬುದು ನನ್ನ ಸಲಹೆ. ಬಟವಾಡೆಯ ದಿನ ಕುಡಿಯದೆ ಮನೆಗೆ ಬರುವುದು ಹಸಿದಿರುವುದಕ್ಕಿಂತ ಕಷ್ಟದ ತಪಸ್ಸು, ಮನೆಯವರಿಗೆ ಅದರ ಫಲ ನೇರವಾಗಿ ಸಿಗುತ್ತದೆ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಉಪವಾಸ ಮಾಡುವುದನ್ನಂತೂ ಕಟ್ಟುನಿಟ್ಟಾಗಿ ತಡೆಯಬೇಕು.

ಹೀಗೆ ಉಳಿದ ದುಡ್ಡಿಗೆ ಮನೆಗೊಂದು ಡಬ್ಬಿ. ಪ್ರತಿ ತಪಸ್ಸುಕಾಲದಲ್ಲೂ ಕಥೋಲಿಕ ಧರ್ಮಸಭೆಯ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾ ಹಸಿವು, ರೋಗಗಳ ವಿರುದ್ಧದ ಅಭಿಯಾನಕ್ಕೆ ಹಣ ಸೇರಿಸುತ್ತದೆ, ಧರ್ಮಕೇಂದ್ರದ ಮೂಲಕ ಅದಕ್ಕೇ ಕಳಿಸುತ್ತೇವೆ. ಡಬ್ಬಿಯ ಮೇಲೆ ಹೆಸರು ಬರೆಯಬೇಡಿ, ಯಾರದು ಎಷ್ಟು ಎಂದು ಓದಲೂಬೇಡಿ. ಎಲ್ಲ ಡಬ್ಬಿ ಒಂದೇ ಚೀಲಕ್ಕೆ ಸುರಿದು ಇಬ್ಬರು ಎಣಿಸಿದರೆ ಸಾಕು.

ಶುಕ್ರವಾರದ ಶಿಲುಬೆಹಾದಿಗೆ, ಅಂದರೆ ಯೇಸುಸ್ವಾಮಿಯ ಪಾಡುಗಳನ್ನು ನೆನೆಯುತ್ತ ಸ್ಥಳದಿಂದ ಸ್ಥಳಕ್ಕೆ ನಡೆಯುವ ಪ್ರಾರ್ಥನೆಗೆ, ಹೆಚ್ಚು ತಯಾರಿ ಬೇಕು. ಹದಿನಾಲ್ಕು ಸ್ಥಳಗಳನ್ನು ತೋಟದ ಜೀಪ್ ರಸ್ತೆಯಲ್ಲೇ ಗುರುತಿಸುತ್ತೇವೆ, ಒಂದರಿಂದ ಇನ್ನೊಂದಕ್ಕೆ ಸುಮಾರು 50 ಮೀಟರ್. ಒಟ್ಟು 650 ಮೀಟರ್ ಆಗುತ್ತದೆ. ನಡಿಗೆಗೆ ಹದಿನೈದು ನಿಮಿಷ, ಪ್ರತಿ ಸ್ಥಳದಲ್ಲಿ ಎರಡೂವರೆ ನಿಮಿಷ ಎಂದರೆ ಐವತ್ತು ನಿಮಿಷದಲ್ಲಿ ಮುಗಿಯುತ್ತದೆ. ಒಂದು ಗಂಟೆ ದಾಟಿದರೆ ಮುಂದಿನ ವಾರ ಅರ್ಧ ಜನ ಇರುವುದಿಲ್ಲ. ರಸ್ತೆ ಇಳಿಜಾರಿದ್ದರೆ ಮೇಲಿನಿಂದ ಕೆಳಗೆ ಬನ್ನಿ, ಇಡೀ ದಿನ ಏಣಿ ಹತ್ತಿದ ಕಾಲುಗಳವು.

ಹೊತ್ತಿನ ವಿಷಯದಲ್ಲಿ ರಾಜಿ ಇಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ ಸೀಮೆಯಲ್ಲಿ ಮಬ್ಬಾದ ಮೇಲೆ ಆನೆ ಯಾವ ರಸ್ತೆಗೆ ಇಳಿಯುತ್ತದೋ ಹೇಳಲಾಗದು. ಕೆಲಸ ಬಿಟ್ಟ ಕೂಡಲೇ, ಮನೆಗೆ ಹೋಗಿ ಮುಖ ತೊಳೆದು ಬರುವಷ್ಟು ಬಿಡುವು ಕೊಟ್ಟು ಐದು ಗಂಟೆಗೆ ಶುರು, ಆರಕ್ಕೆ ಎಲ್ಲರೂ ಲೈನಿಗೆ ವಾಪಸು. ಹೊರಡುವ ಮುಂಚೆ ಆ ದಿನ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರಿಗೆ ಒಂದು ಫೋನ್. ಹತ್ತಿರದಲ್ಲಿದ್ದರೆ, ಅಥವಾ ಮಳೆ ಕಟ್ಟಿದ್ದರೆ, ಚಾಪೆಲ್ ಒಳಗೇ ಗೋಡೆಯ ಚಿತ್ರಗಳ ಮುಂದೆ ಮಾಡಿ ಮುಗಿಸುತ್ತೇವೆ. ಕಾಫಿ ಹೂವಾದ ವಾರಗಳಲ್ಲಿ ಇನ್ನೊಂದು ಎಚ್ಚರ. ಹೂವಿಗೆ ಹೆಜ್ಜೇನು ಬಂದಿರುತ್ತದೆ, ದೊಡ್ಡ ಮರಗಳಲ್ಲಿ ತಟ್ಟಿ ಕಟ್ಟಿರುತ್ತದೆ. ಅಂಥ ಮರದ ಕೆಳಗೆ ಸ್ಥಳ ಇಟ್ಟುಕೊಳ್ಳಬೇಡಿ, ಧೂಪ ಬೇಡ, ಧ್ವನಿವರ್ಧಕವೂ ಬೇಡ. ಹೂ ಬಿಟ್ಟ ಗಿಡಗಳ ನಡುವೆ ಜನ ನುಗ್ಗದೆ ರಸ್ತೆಯಲ್ಲೇ ಇರಲಿ.

ಶಿಲುಬೆ ಸಿಲ್ವರ್ ಓಕ್ ಮರದ್ದು: ಉದ್ದದ ತುಂಡು ಆರು ಅಡಿ, ಅಡ್ಡದ್ದು ಮೂರೂವರೆ, ದಪ್ಪ ಎರಡಕ್ಕೆ ಮೂರು ಇಂಚು. ಹಸಿ ಮರ ಬಾಗುತ್ತದೆ, ಒಂದು ವರ್ಷ ನೆರಳಲ್ಲಿ ಒಣಗಿದ್ದನ್ನೇ ಹಿಡಿಯಿರಿ. ಸೇರುವ ಜಾಗದಲ್ಲಿ ಎರಡೂ ತುಂಡಿನಲ್ಲಿ ಅರ್ಧರ್ಧ ದಪ್ಪ ಕೊರೆದು ಕೂರಿಸಿ, ಹಿಂದಿನಿಂದ ಬೋಲ್ಟ್ ಹಾಕಬೇಕು. ಬರೀ ಮೊಳೆ ಹೊಡೆದದ್ದು ಹೆಗಲಿಂದ ಹೆಗಲಿಗೆ ಬದಲಾಗುವಾಗ ಅಲುಗಾಡಿ ಸಡಿಲವಾಗುತ್ತದೆ. ಹೊರುವವರ ಪಟ್ಟಿ ಮೊದಲೇ ಇರಲಿ, ಸ್ಥಳಕ್ಕೊಬ್ಬರಂತೆ. ಇಲ್ಲದಿದ್ದರೆ ಒಬ್ಬನೇ ಯುವಕ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ, ಹೆಂಗಸರ ಕೈಗೆ ಬರುವುದೇ ಇಲ್ಲ.

ಲೈನ್ ಮನೆಗಳಲ್ಲಿ ಕಥೋಲಿಕರ ಜೊತೆ ಸಿಎಸ್‌ಐ ಸಭೆಯವರೂ (ಪ್ರಾಟೆಸ್ಟಂಟರು) ಇದ್ದಾರೆ, ಅವರೂ ನಡೆಯಲು ಬರುತ್ತಾರೆ. ಹಾಗಾಗಿ ಒಂದು ವಾರ ಬಿಟ್ಟು ಒಂದು ವಾರ, ಪೋಪ್ ಎರಡನೇ ಜಾನ್ ಪಾಲ್ 1991ರ ಶುಭ ಶುಕ್ರವಾರ ರೋಮಿನ ಕೊಲೋಸಿಯಂನಲ್ಲಿ ಬಳಸಿದ ಕ್ರಮವನ್ನು ಹಿಡಿಯುತ್ತೇವೆ. ಅದರಲ್ಲಿ ಹದಿನಾಲ್ಕೂ ಸ್ಥಳ ಶುಭಸಂದೇಶಗಳಿಂದಲೇ ತೆಗೆದವು. ಗೆತ್ಸೆಮನಿ ತೋಟದಿಂದ ಶುರುವಾಗುತ್ತದೆ, ಪೇತ್ರ ಅಲ್ಲಗಳೆದದ್ದೂ, ಒಳ್ಳೆಯ ಕಳ್ಳನಿಗೆ ಯೇಸುಸ್ವಾಮಿ ಕೊಟ್ಟ ಮಾತೂ ಬರುತ್ತವೆ. ಮೂರು ಸಲ ಬಿದ್ದದ್ದು, ವೆರೋನಿಕಾ ಮುಖ ಒರೆಸಿದ್ದು ಅದರಲ್ಲಿಲ್ಲ. ಅಜ್ಜಿಯರು ವೆರೋನಿಕಾ ಎಲ್ಲಿ ಎಂದು ಕೇಳುತ್ತಾರೆ, ಅದಕ್ಕೇ ಬದಲಿ ವಾರಗಳಲ್ಲಿ ಹಳೆಯ ಕ್ರಮ.

ಭಾಷೆ ಕನ್ನಡವೇ, ಹಾಡಿನ ಪಲ್ಲವಿ ಮಾತ್ರ ಕೊಂಕಣಿ, ತಮಿಳಿನಲ್ಲೂ ಒಂದೊಂದು. ಈಚೆಗೆ ಕೆಲಸಕ್ಕೆ ಬರುವ ಜಾರ್ಖಂಡ್, ಅಸ್ಸಾಂ ಕಡೆಯವರಲ್ಲೂ ಕ್ರೈಸ್ತರಿದ್ದಾರೆ. ಎರಡು ಸ್ಥಳದ ವಾಚನವನ್ನು ಅವರೇ ಹಿಂದಿಯಲ್ಲಿ ಮೊಬೈಲ್ ನೋಡಿ ಓದುತ್ತಾರೆ. ಬಾಗಿಲಲ್ಲೇ ನಿಲ್ಲುತ್ತಿದ್ದವರು ಒಳಗೆ ಬರಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಜಲ್ಲಿಯ ಮೇಲೆ ಮಂಡಿಯೂರಲು ಯಾರನ್ನೂ ಒತ್ತಾಯಿಸಬೇಡಿ, ವಯಸ್ಸಾದವರು ತಲೆಬಾಗಿದರೆ ಸಾಕು.

ಗರಿಗಳ ಭಾನುವಾರಕ್ಕೆ ತೆಂಗಿನ ಗರಿ. ಎಳೆಯದು ಬೇಕೆಂದು ಹುಡುಗರು ಸುಳಿಗೇ ಕತ್ತಿ ಹಾಕುತ್ತಾರೆ, ಮರಕ್ಕೆ ಅದು ದೊಡ್ಡ ಪೆಟ್ಟು. ಸುಳಿಯ ಹೊರಗೆ ಈಗಷ್ಟೇ ಬಿಡಿಸಿಕೊಂಡ ಸೋಗೆಯನ್ನು ಕಡಿಯಲಿ. ಒಂದು ಸೋಗೆಯಲ್ಲಿ 200ಕ್ಕೂ ಹೆಚ್ಚು ಎಸಳು ಇರುತ್ತವೆ, ಸಣ್ಣ ಚಾಪೆಲ್‌ಗೆ ಒಂದೇ ಸಾಕು, ಎರಡನೆಯದು ಶಿಲುಬೆ ಹೆಣೆಯಲು. ಶನಿವಾರ ಸಂಜೆ ಕಡಿದು ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಬೆಳಿಗ್ಗೆ ಹಸಿರಾಗೇ ಇರುತ್ತದೆ. ಬಯಲಲ್ಲಿ ಬಿಟ್ಟದ್ದು ಸುರುಳಿಗಟ್ಟುತ್ತದೆ.

ಪವಿತ್ರ ಗುರುವಾರದಿಂದ ಮುಂದಿನದೆಲ್ಲ ಧರ್ಮಕೇಂದ್ರದಲ್ಲೇ. ಚಾಪೆಲ್‌ನಲ್ಲಿ ಅದರ ನಕಲು ಮಾಡಲು ಹೋಗಬಾರದು. ನನ್ನ ಪಾಲಿಗೆ ಉಳಿಯುವುದು ಜನರನ್ನು ಕರೆದೊಯ್ಯುವ ಕೆಲಸ. ಶುಭ ಶುಕ್ರವಾರ ಪೂಜೆ ಇಲ್ಲ, ಹಿಂದಿನ ದಿನ ಅರ್ಪಿಸಿದ ಪರಮಪ್ರಸಾದವನ್ನೇ ಕೊಡುತ್ತಾರೆ. ಸಾಮಾನ್ಯವಾಗಿ ಮೂರು ಗಂಟೆಗೆ ಶುರು, ಪಿಕಪ್ ಒಂದೂವರೆಗೇ ಲೈನಿನಲ್ಲಿ ನಿಂತಿರಬೇಕು. ಶನಿವಾರ ರಾತ್ರಿಯ ಪಾಸ್ಕ ಜಾಗರಣೆ ಕತ್ತಲಾದ ಮೇಲೆಯೇ ಶುರುವಾಗಬೇಕೆಂಬುದು ನಿಯಮ, ಆದ್ದರಿಂದ ವಾಪಸು ಬರುವಾಗ ಹತ್ತು, ಹನ್ನೊಂದು ಆಗಿರುತ್ತದೆ. ಆ ರಾತ್ರಿ ಯಾರನ್ನೂ ಬೈಕಿನಲ್ಲಿ ಬಿಡುವುದಿಲ್ಲ. ಮುಚ್ಚಿದ ಎರಡು ಗಾಡಿ, ಒಂದರ ಹಿಂದೆ ಒಂದು, ಪ್ರತಿ ಗಾಡಿಯಲ್ಲಿ ಒಂದು ಟಾರ್ಚು, ಹೋಗುವಾಗ ಎಣಿಸಿದ ತಲೆಯನ್ನೇ ಬರುವಾಗಲೂ ಎಣಿಸುವುದು. ಮೇಣದಬತ್ತಿಗೆ ಕಾಗದದ ಲೋಟ ತೂತು ಮಾಡಿ ಸಿಕ್ಕಿಸಿಕೊಟ್ಟರೆ ಹೊಸ ಸೀರೆಗೆ ಮೇಣ ಬೀಳುವುದಿಲ್ಲ. ಸ್ಪ್ರಿಂಕ್ಲರ್ ಪಾಳಿಯವರು ಆ ರಾತ್ರಿ ಬರಲಾರರು. ಅವರಿಗಾಗಿ ಭಾನುವಾರ ಬೆಳಗಿನ ಪೂಜೆಗೆ ಬೇರೆ ಗಾಡಿ, ಅದರ ಬಾಡಿಗೆಯನ್ನು ಜನವರಿಯಲ್ಲೇ ಮಾತಾಡಿಟ್ಟಿರುತ್ತೇನೆ.