ನಿನಗೆ ಮೊದಲು ಹೆದರಿಕೆ ಆಗಿದ್ದು ಎಲ್ಲಿ?

ನಮ್ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಹಾಲಿನ ಲೆಕ್ಕ ಬರೆಯಲು ತಂದಿದ್ದು. ಮೊದಲ ನಾಲ್ಕು ಪುಟ ಹಾಲಿನ ಲೆಕ್ಕವೇ. ಐದನೇ ಪುಟದಿಂದ ಹೆದರಿಕೆಯ ಲೆಕ್ಕ. ಸಿನಿಮಾದ ಹೆಸರು, ನೋಡಿದ ತಾರೀಖು, ಯಾರ್ಯಾರು ಕೂತಿದ್ದರು, ಯಾರಿಗೆ ಯಾವ ಜಾಗದಲ್ಲಿ ಮೊದಲು ಹೆದರಿಕೆ ಆಯಿತು. ಅಷ್ಟೇ. ಸಿನಿಮಾ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಎಲ್ಲೂ ಬರೆದಿಲ್ಲ.

ನಮ್ಮದು ಶಿರಸಿಯಿಂದ ಒಳಗೆ ಹೋಗಬೇಕಾದ ಹಳ್ಳಿ. ಹಂಚಿನ ಮನೆ, ಹಿಂದೆ ಕೊಟ್ಟಿಗೆ, ಕೆಳಗೆ ಅಡಿಕೆ ತೋಟ. ಅಡಿಕೆ ಕೊಯ್ಲು ಶುರುವಾದರೆ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ನಮ್ಮ ಸಿನಿಮಾ ಎಲ್ಲ ಮಳೆಗಾಲದಲ್ಲೇ. ಶನಿವಾರ ರಾತ್ರಿ ಬೇಗ ಊಟ ಮುಗಿಸಿ, ಹಲಸಿನ ಹಪ್ಪಳ ಸುಟ್ಟುಕೊಂಡು ಕೂರುತ್ತೇವೆ. ನಾನು, ನಮ್ಮನೆಯವರು, ಅತ್ತೆ, ಪಕ್ಕದ ಮನೆಯ ಕಾಲೇಜು ಓದುವ ಮಾಣಿ. ಕೆಲವು ಸಲ ಅವನ ಅಮ್ಮನೂ ಬರುತ್ತಾರೆ. ಐದು ಮಳೆಗಾಲದಿಂದ ಹೀಗೇ ನಡೆದಿದೆ.

ಮೊದಲ ಸಲ ಮಾಡಿದಾಗ ಎಲ್ಲ ತಪ್ಪಾಗಿತ್ತು. ಯಾರೋ ಭಾರೀ ಹೆದರಿಕೆ ಆಗುತ್ತೆ ಅಂದಿದ್ದ ಒಂದು ಇಂಗ್ಲಿಷ್ ಸಿನಿಮಾ ಹಾಕಿದೆ. ನಾನೇ ಮೊದಲು ನೋಡಿರಲಿಲ್ಲ. ಹೊರಗೆ ಜೋರು ಮಳೆ, ಹಂಚಿನ ಮೇಲೆ ಬೀಳುವ ಸದ್ದಿಗೆ ಮಾತೇ ಕೇಳುತ್ತಿಲ್ಲ. ವಾಲ್ಯೂಮ್ ಏರಿಸುತ್ತಾ ಹೋದೆ. ಈ ತರದ ಸಿನಿಮಾದಲ್ಲಿ ಮಾತು ಪಿಸುಗುಟ್ಟುವಷ್ಟು ಮೆಲ್ಲಗೆ ಇರುತ್ತದೆ, ಹೆದರಿಸುವ ಜಾಗದಲ್ಲಿ ಮಾತ್ರ ಸಿಡಿಲು ಬಡಿದ ಹಾಗೆ. ಮಾತಿಗೆ ಅಂತ ಏರಿಸಿದ ವಾಲ್ಯೂಮಿಗೆ ಆ ಸದ್ದು ಬಂದಾಗ ಕೊಟ್ಟಿಗೆಯ ದನ ಎದ್ದು ನಿಂತವು. ಮಾಣಿಯ ತಂಗಿ, ಎಂಟು ವರ್ಷದ ಕೂಸು, ಅವತ್ತು ಸುಮ್ನೆ ಬಂದು ಕೂತಿತ್ತು. ಆಮೇಲೆ ಒಂದು ವಾರ ಒಬ್ಬಳೇ ಬಚ್ಚಲು ಮನೆಗೆ ಹೋಗಲಿಲ್ಲವಂತೆ. ಅವಳ ಅಮ್ಮ ಬಂದು ನನಗೆ ಸರಿಯಾಗಿ ಬೈದರು. ಬೈದಿದ್ದು ನ್ಯಾಯವೇ.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಯಾವ ಸಿನಿಮಾ ಆದರೂ ನಾನು ಒಬ್ಬಳೇ ಮೊದಲು ನೋಡುತ್ತೇನೆ. ಹಗಲಲ್ಲಿ, ಅಡುಗೆ ಕೆಲಸ ಮುಗಿದ ಮೇಲೆ. ಸಣ್ಣ ಮಕ್ಕಳು ನೋಡುವಂಥದ್ದಲ್ಲ ಅಂದರೆ ಮೊದಲೇ ಹೇಳಿಬಿಡುತ್ತೇನೆ. ಟಿವಿಯನ್ನು ಜಗುಲಿಯಿಂದ ನಡುಮನೆಗೆ ಒಯ್ದೆವು. ನಡುಮನೆಯ ಮೇಲೆ ಮರದ ಹಲಗೆಯ ಮೆತ್ತು ಇದೆ, ಅದರ ಮೇಲೆ ಹಂಚು. ಮಳೆಯ ಸದ್ದು ಅಲ್ಲೇ ಅರ್ಧ ನಿಲ್ಲುತ್ತದೆ. ಸಣ್ಣದೊಂದು ಸ್ಪೀಕರ್ ತಂದು ನಾವು ಕೂರುವ ಜಾಗದ ಹತ್ತಿರವೇ ಇಟ್ಟೆವು. ದೂರದಿಂದ ಕಿರುಚುವ ಸದ್ದಿಗಿಂತ ಹತ್ತಿರದಿಂದ ಬರುವ ಸಣ್ಣ ಸದ್ದಿಗೆ ಜಾಸ್ತಿ ಹೆದರಿಕೆ ಅಂತ ಆಗ ಗೊತ್ತಾಯಿತು.

ಟಿವಿಯದ್ದೂ ಒಂದು ಮಾತು ಹೇಳಬೇಕು. ಹೊಸ ಟಿವಿಯಲ್ಲಿ ಬಣ್ಣ ಎದ್ದು ಕಾಣಲಿ ಅಂತ ಒಂದು ಸೆಟ್ಟಿಂಗ್ ಇಟ್ಟೇ ಕಳಿಸುತ್ತಾರೆ. ಚಿತ್ರ ಬೆಣ್ಣೆ ಹಾಗೆ ನುಣ್ಣಗೆ ಓಡಲಿ ಅಂತ ಇನ್ನೊಂದು. ಎರಡನ್ನೂ ತೆಗೆದುಬಿಡಿ. ಕ್ರಿಕೆಟ್ಟಿಗೆ ಅವು ಸರಿ. ಹೆದರಿಕೆಯ ಸಿನಿಮಾಕ್ಕೆ ಕತ್ತಲೆ ಕತ್ತಲೆಯಾಗೇ ಇರಬೇಕು. ಬಹಳಷ್ಟು ಟಿವಿಗಳಲ್ಲಿ ‘ಸಿನಿಮಾ’ ಅಂತಲೇ ಒಂದು ಸೆಟ್ಟಿಂಗ್ ಇರುತ್ತದೆ, ಅದಕ್ಕೆ ಹಾಕಿಕೊಂಡರೆ ಸಾಕು. ಕೋಣೆಯ ಲೈಟ್ ಆರಿಸಿ, ಟಿವಿಯ ಹಿಂದೆ ಒಂದು ಸಣ್ಣ ದೀಪ ಇಡುತ್ತೇನೆ. ಕಣ್ಣಿಗೆ ಹಿತ.

ಇದನ್ನೆಲ್ಲ ಸರಿ ಮಾಡಿಕೊಂಡ ಮೇಲೆ ನೋಡಿದ್ದು ‘ತುಂಬಾಡ್’. 2018ರ ಹಿಂದಿ ಸಿನಿಮಾ. ಮೊದಲು ಬಂದಾಗ ಅಷ್ಟು ಜನ ನೋಡಿರಲಿಲ್ಲ. 2024ರಲ್ಲಿ ಮತ್ತೆ ಥಿಯೇಟರಿಗೆ ತಂದಾಗ ಮೊದಲಿಗಿಂತ ಜಾಸ್ತಿ ಓಡಿತು. ಅದರ ತುಂಬ ಮಳೆ. ಬೂದು ಮೋಡ, ಪಾಚಿ ಕಟ್ಟಿದ ಗೋಡೆ, ಒದ್ದೆ ಕಲ್ಲು. ಕೊಂಕಣದ ಆ ಮಳೆಗೂ ನಮ್ಮ ಘಟ್ಟದ ಮಳೆಗೂ ಏನು ವ್ಯತ್ಯಾಸ? ಸಿನಿಮಾದ ಮಳೆ ಯಾವುದು, ನಮ್ಮ ಮಾಡಿನ ಮಳೆ ಯಾವುದು ಅಂತ ಗೊತ್ತಾಗದ ಹಾಗೆ ಆಯಿತು. ಅದರಲ್ಲಿ ಬರುವ ಶಾಪಗ್ರಸ್ತ ದೇವರು ಹಸ್ತರನಿಗೆ ಹಿಟ್ಟಿನ ಗೊಂಬೆ ಒಯ್ಯುವ ಜಾಗದಲ್ಲಿ ನಮ್ಮನೆಯವರು ಹಪ್ಪಳ ಕೈಯಲ್ಲೇ ಹಿಡಿದು ಕೂತಿದ್ದರು, ತಿನ್ನಲಿಲ್ಲ.

ಸಿನಿಮಾ ಮುಗಿದ ಮೇಲೆ ನಾನು ಕೇಳುವುದು ಒಂದೇ ಪ್ರಶ್ನೆ. ನಿನಗೆ ಮೊದಲು ಹೆದರಿಕೆ ಆಗಿದ್ದು ಎಲ್ಲಿ? ಹೇಗಿತ್ತು ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂದು ಎದ್ದು ಹೋಗುತ್ತಾರೆ. ಎಲ್ಲಿ ಅಂತ ಕೇಳಿದರೆ ಯೋಚನೆ ಮಾಡಬೇಕಾಗುತ್ತದೆ. ಹೇಳಿದ ಜಾಗಕ್ಕೆ ಹಿಂದೆ ಹೋಗಿ ಇನ್ನೊಮ್ಮೆ ನೋಡುತ್ತೇವೆ. ಮಾತು ಅಲ್ಲಿಂದ ಶುರುವಾದರೆ ಹನ್ನೊಂದು ಗಂಟೆಯಾದರೂ ಮುಗಿಯುವುದಿಲ್ಲ.

ಹಿಚ್‌ಕಾಕ್ ಅವರ ‘ಸೈಕೋ’ ನೋಡಿದ ದಿನ ಈ ಪ್ರಶ್ನೆಯ ಬೆಲೆ ನನಗೇ ಗೊತ್ತಾಯಿತು. 1960ರ ಕಪ್ಪು ಬಿಳುಪು ಸಿನಿಮಾ. ಅದರ ಸ್ನಾನದ ದೃಶ್ಯ ಲೋಕಕ್ಕೆಲ್ಲ ಗೊತ್ತು. ಎಲ್ಲರೂ ಅದನ್ನೇ ಹೇಳುತ್ತಾರೆ ಅಂದುಕೊಂಡಿದ್ದೆ. ಮಾಣಿ, “ಅಲ್ಲ ಅತ್ತಿಗೆ, ನಂಗೆ ಆ ಪೊಲೀಸ್ ಬಂದಾಗಲೇ ಹೆದರಿಕೆ ಆತು” ಅಂದ. ದುಡ್ಡು ಕದ್ದ ಹುಡುಗಿ ದಾರಿ ಬದಿಯಲ್ಲಿ ಕಾರಲ್ಲೇ ಮಲಗಿರುತ್ತಾಳೆ. ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯಲ್ಲಿ ಒಬ್ಬ ಪೊಲೀಸ್. ಕಣ್ಣಿಗೆ ಕಪ್ಪು ಕನ್ನಡಕ. ಅವನು ಏನೂ ಮಾಡುವುದಿಲ್ಲ, ನಾಲ್ಕು ಪ್ರಶ್ನೆ ಕೇಳುತ್ತಾನೆ ಅಷ್ಟೇ. ಹಿಂದೆ ಹೋಗಿ ಮತ್ತೆ ನೋಡಿದೆವು. ಆ ಮುಖ ಪರದೆಯ ತುಂಬ ಇದೆ, ಆದರೆ ಕಣ್ಣು ಕಾಣುವುದಿಲ್ಲ. ಕಣ್ಣು ಕಾಣದಿದ್ದರೆ ಅವನಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ನಮಗೆ ತಿಳಿಯುವುದು ಹೇಗೆ? ಸ್ನಾನದ ಮನೆಯ ಹೆದರಿಕೆಗೆ ಅಲ್ಲೇ ಬೀಜ ಬಿದ್ದಿತ್ತು.

ಅವತ್ತೇ ಇನ್ನೊಂದು ಕೆಲಸ ಮಾಡಿದೆವು. ಸ್ನಾನದ ದೃಶ್ಯವನ್ನು ಸದ್ದು ಪೂರ್ತಿ ತೆಗೆದು ಹಾಕಿದೆ. ಚಾಕು ಎದ್ದು ಇಳಿಯುತ್ತದೆ, ನೀರು ಬೀಳುತ್ತದೆ, ಕೈ ಗೋಡೆಯ ಮೇಲೆ ಜಾರುತ್ತದೆ. ನಾವು ಸುಮ್ಮನೆ ನೋಡುತ್ತಾ ಕೂತಿದ್ದೆವು. ಒಂದು ಚೂರೂ ಹೆದರಿಕೆ ಇಲ್ಲ. ಮತ್ತೆ ಸದ್ದು ಕೊಟ್ಟು ಹಾಕಿದೆ. ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್ ಅವರ ಪಿಟೀಲುಗಳು ಕಿರುಚಿದ್ದೇ ತಡ, ಎರಡು ಸಲ ನೋಡಿ ಮುಗಿಸಿದ್ದ ದೃಶ್ಯಕ್ಕೆ ಮೈ ಜುಂ ಅಂದಿತು. ಇಡೀ ಸಿನಿಮಾಕ್ಕೆ ಅವರು ಬಳಸಿದ್ದು ತಂತಿವಾದ್ಯ ಮಾತ್ರ. ಈ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ಹಿಚ್‌ಕಾಕ್ ಮೊದಲು ಅಂದಿದ್ದರಂತೆ, ಕೇಳಿದ ಮೇಲೆ ಮನಸ್ಸು ಬದಲಿಸಿದರು. ನಮ್ಮನೆಯವರಿಗೆ ಆಟ ನೆನಪಾಯಿತು. ಯಕ್ಷಗಾನದಲ್ಲಿ ರಾಕ್ಷಸ ವೇಷ ತೆರೆಯ ಹಿಂದೆ ನಿಂತು ಆರ್ಭಟ ಕೊಡುತ್ತದೆ. ಮುಖ ಇನ್ನೂ ಕಂಡಿರುವುದಿಲ್ಲ. ಚಂಡೆ ಏರುತ್ತಾ ಹೋಗುತ್ತದೆ, ಮುಂದೆ ಕೂತ ಮಕ್ಕಳೆಲ್ಲ ಅಮ್ಮನ ಸೆರಗಿನೊಳಗೆ. “ತೆರೆ ಸರಿದ ಮೇಲೆ ಅಷ್ಟು ಹೆದರಿಕೆ ಇರ್ತಿರಲಿಲ್ಲ, ತೆರೆ ಇದ್ದಾಗಲೇ ಜಾಸ್ತಿ” ಅಂದರು.

ಸದ್ದಿನ ರುಚಿ ಹತ್ತಿದ ಮೇಲೆ 1949ರ ‘ಮಹಲ್’ ಹುಡುಕಿ ನೋಡಿದೆವು. ಅದರ ಹಾಡಿನ ಶುರುವಿನಲ್ಲಿ ದನಿ ಎಲ್ಲೋ ದೂರದಿಂದ ಹತ್ತಿರ ಬಂದ ಹಾಗೆ ಕೇಳುತ್ತದೆ. ಲತಾ ಮಂಗೇಶ್ಕರ್ ಮೈಕಿನಿಂದ ದೂರ ನಿಂತು, ಹಾಡುತ್ತಾ ಮೈಕಿನ ಕಡೆಗೆ ನಡೆದು ಬಂದರಂತೆ. ನಡೆದಿದ್ದೇ ಉಪಾಯ, ಯಂತ್ರ ಗಿಂತ್ರ ಏನೂ ಇಲ್ಲ.

ಅತ್ತೆಗೆ ಇಂಗ್ಲಿಷ್ ಸಿನಿಮಾ ಅಷ್ಟಕ್ಕಷ್ಟೇ. ಆದರೆ ಅವರ ಹತ್ತಿರ ನನಗಿಲ್ಲದ ಒಂದು ಅನುಭವ ಇತ್ತು. 1979ರ ‘ನಾ ನಿನ್ನ ಬಿಡಲಾರೆ’ ಬಂದಾಗ ಅವರು ಆಗಷ್ಟೇ ಮದುವೆಯಾಗಿ ಈ ಮನೆಗೆ ಬಂದಿದ್ದರು. ಪೇಟೆಗೆ ಹೋಗಿ ಸಿನಿಮಾ ನೋಡಿ, ಕಡೆಯ ಬಸ್ಸಿಳಿದು ಕತ್ತಲೆಯಲ್ಲಿ ಸೂಡಿ ಹಿಡಿದು ನಡೆದು ಬಂದ ಕತೆ ಎಷ್ಟೋ ಸಲ ಹೇಳಿದ್ದಾರೆ. ಮತ್ತೆ ನೋಡೋಣವಾ ಅಂತ ಕೇಳಿದೆ. ಮೊದಲು ಬೇಡ ಅಂದರು. ಎರಡು ಶನಿವಾರ ಬಿಟ್ಟು ಅವರೇ “ಹಾಕು” ಅಂದರು.

ಆ ಸಿನಿಮಾದಲ್ಲಿ ದೆವ್ವ ಮೈಮೇಲೆ ಬರುವುದು ಗಂಡನಿಗೆ. ಅನಂತ್ ನಾಗ್ ಗಂಡ, ಲಕ್ಷ್ಮಿ ಹೆಂಡತಿ. ಹೆಂಡತಿ ರಾಯರ ಮೊರೆ ಹೋಗಿ ಗಂಡನನ್ನು ಉಳಿಸಿಕೊಳ್ಳುತ್ತಾಳೆ. ಮೇಕಪ್ಪು, ಹೊಗೆ, ಬೆಳಕು ಎಲ್ಲ ಈಗ ಹಳತಾಗಿ ಕಾಣುತ್ತದೆ. ಮಾಣಿ ಒಂದೆರಡು ಕಡೆ ನಕ್ಕ. ಅನಂತ್ ನಾಗ್ ಅವರ ನಡಿಗೆ, ನೋಟ ಬದಲಾಗುವಲ್ಲಿ ಮಾತ್ರ ಅವನ ನಗು ನಿಂತಿತು. ಕೊನೆಗೆ ಅತ್ತೆಯನ್ನು ಕೇಳಿದೆ. ಅವರು ಹೇಳಿದ್ದು ನಾನು ಎಣಿಸಿದ್ದೇ ಅಲ್ಲ. “ದೆವ್ವ ಅಲ್ಲ. ದಿನಾ ಜೊತೆಗಿರೋ ಮನುಷ್ಯ ಗುರುತಿಲ್ಲದವನ ಹಾಗೆ ನೋಡ್ತಾನಲ್ಲ, ಅಲ್ಲಿ. ಆವಾಗ ನನ್ನ ಮದುವೆಯಾಗಿ ಮೂರು ತಿಂಗಳು. ಈ ಮನೆಯಲ್ಲಿ ಯಾರೂ ಪೂರ್ತಿ ಗುರುತಿರಲಿಲ್ಲ” ಅಂದರು. ನಲವತ್ತು ವರ್ಷದ ಮೇಲೆ ಆ ಮಾತು ಹೊರಗೆ ಬಂತು. ನಾನೂ ಈ ಮನೆಗೆ ಸೊಸೆಯಾಗಿ ಬಂದವಳೇ. ನೋಟ್‌ಬುಕ್ಕಿನಲ್ಲಿ ಅದನ್ನು ಅವರ ಮಾತಲ್ಲೇ ಬರೆದಿಟ್ಟೆ.

‘ಆಪ್ತಮಿತ್ರ’ದ ವಿಷಯಕ್ಕೆ ಜಗಳವೇ ಆಯಿತು. 2004ರ ಏಪ್ರಿಲ್‌ನಲ್ಲಿ ಸೌಂದರ್ಯ ತೀರಿಕೊಂಡರು, ಸಿನಿಮಾ ಬಂದಿದ್ದು ಆಗಸ್ಟ್‌ನಲ್ಲಿ. ಆ ನೆನಪಿಲ್ಲದೆ ಅವರ ನಾಗವಲ್ಲಿಯನ್ನು ನೋಡಲು ನನಗೆ ಇವತ್ತಿಗೂ ಆಗುವುದಿಲ್ಲ. ಮುಂದಿನ ವಾರ ಅದರ ಮೂಲ, 1993ರ ಮಲಯಾಳಂ ‘ಮಣಿಚಿತ್ರತಾಳ್’ ಹಾಕಿದೆ. ಅದಕ್ಕೆ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಎರಡರಲ್ಲೂ ಕಡೆಗೆ ಅದು ಮನಸ್ಸಿನ ಕಾಯಿಲೆ ಅಂತ ವೈದ್ಯ ಬಿಡಿಸಿ ಹೇಳುತ್ತಾನೆ. ಹೇಳಿದ ಕೂಡಲೇ ಹೆದರಿಕೆ ಹೋಯಿತು ಅಂತ ಮಾಣಿ. ಹೋಗಲಿಲ್ಲ, ಕಾಯಿಲೆ ಅಂದ ಮೇಲೆ ಯಾರಿಗೆ ಬೇಕಾದರೂ ಬರಬಹುದಲ್ಲ ಅಂತ ಅವನ ಅಮ್ಮ. ನನಗೆ ಅವನ ಅಮ್ಮನ ಮಾತೇ ಸರಿ ಅನಿಸಿತು.

‘ಸ್ತ್ರೀ’ ನೋಡುವಾಗ ನಾನೇ ಕತೆ ಹೇಳಬೇಕಾಯಿತು. ಅದರಲ್ಲಿ ಗೋಡೆಗಳ ಮೇಲೆ ‘ಓ ಸ್ತ್ರೀ ಕಲ್ ಆನಾ’ ಅಂತ ಬರೆದಿರುತ್ತದೆ. ಅದು ಮಧ್ಯಪ್ರದೇಶದ ಚಂದೇರಿಯಲ್ಲಿ ನಡೆಯುವ ಕತೆ. ಆದರೆ ‘ನಾಳೆ ಬಾ’ ನಮ್ಮದು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರಿನ ಬಾಗಿಲ ಮೇಲೆ ಅದಿತ್ತು. ನಮ್ಮ ತವರಿನ ಬಾಗಿಲ ಮೇಲೆ ಇದ್ದಲಿನಲ್ಲಿ ಬರೆದವಳು ನಾನೇ. ನನ್ನ ಅಕ್ಷರ ಚೆನ್ನಾಗಿತ್ತು ಅಂತ ನನ್ನ ಕೈಯಲ್ಲಿ ಬರೆಸಿದರು. ದೆವ್ವ ಬಂದರೆ ಮೊದಲು ನನ್ನ ಅಕ್ಷರವನ್ನೇ ಓದುತ್ತದಲ್ಲ ಅಂತ ರಾತ್ರಿ ನಿದ್ದೆ ಬಂದಿರಲಿಲ್ಲ.

ಹೊಸದರಲ್ಲಿ ‘ಸು ಫ್ರಮ್ ಸೋ’ವನ್ನು 2025ರಲ್ಲಿ ಥಿಯೇಟರಿಗೇ ಹೋಗಿ ನೋಡಿದೆವು. ನಕ್ಕು ನಕ್ಕು ಸಾಕಾಯಿತು. ಅದು ನೂರಾರು ಜನರ ಜೊತೆ ಕೂತು ನೋಡುವ ಸಿನಿಮಾ, ಮನೆಯಲ್ಲಿ ನೋಡಿದ್ದರೆ ಅರ್ಧ ಕಳೆದುಹೋಗುತ್ತಿತ್ತು. ಮನೆಯಲ್ಲೇ ನೋಡಬೇಕಾದ್ದು ಅಂದರೆ ‘ಭೂತಕಾಲಂ’. 2022ರ ಮಲಯಾಳಂ ಸಿನಿಮಾ. ಒಂದು ಬಾಡಿಗೆ ಮನೆ, ಅಮ್ಮ, ಮಗ. ಅಮ್ಮನಾಗಿ ರೇವತಿ. 1992ರಲ್ಲಿ ರಾಮ್‌ಗೋಪಾಲ್ ವರ್ಮಾ ಅವರ ‘ರಾತ್’ನಲ್ಲಿ ಮೈಮೇಲೆ ಬರುವ ಹುಡುಗಿಯಾಗಿದ್ದವರೂ ಇವರೇ. ಎರಡನ್ನೂ ಒಂದೇ ವಾರ ನೋಡಿ. ಮೂವತ್ತು ವರ್ಷದಲ್ಲಿ ಹೆದರಿಸುವ ರೀತಿ ಎಷ್ಟು ಮೆಲ್ಲಗಾಗಿದೆ ಅಂತ ಕಾಣುತ್ತದೆ.

‘ಭೂತಕಾಲಂ’ ಮಾಡಿದ ರಾಹುಲ್ ಸದಾಶಿವನ್ ಅವರದ್ದೇ 2024ರ ‘ಭ್ರಮಯುಗಂ’. ಪೂರ್ತಿ ಕಪ್ಪು ಬಿಳುಪು. ಹಳೇ ಕಾಲದ ಕೇರಳದ ಒಂದು ದೊಡ್ಡ ಪಾಳು ಮನೆ. ಮಮ್ಮುಟ್ಟಿ ಆ ಮನೆಯ ಯಜಮಾನ. ದಾರಿ ತಪ್ಪಿ ಬಂದ ಹಾಡುಗಾರ ಒಳಗೆ ಬಂದವನು ಹೊರಗೆ ಹೋಗಲಾರ. ಪಗಡೆ ಆಡುವ ಜಾಗ ಬಂದಾಗ ನಾವು ಮೂವರೂ ಉಸಿರು ಹಿಡಿದಿದ್ದೆವು. ಅತ್ತೆ ಮಾತ್ರ ಬೇರೆ ಏನನ್ನೋ ನೋಡುತ್ತಿದ್ದರು. ಮಧ್ಯದಲ್ಲೊಮ್ಮೆ ತಮ್ಮಷ್ಟಕ್ಕೆ, “ಮಾಡು ಸೋರ್ತಾ ಇದ್ದು” ಅಂದರು.

ಮುಗಿದ ಮೇಲೆ ಕೇಳಿದೆ. ಮನೆ ಮೊದಲು ಕಂಡಾಗಲೇ ಹೆದರಿಕೆ ಆಯಿತು ಅಂದರು. ಹಿಂದೆ ಹೋಗಿ ನೋಡಿದೆವು. ಅಂಗಳದಲ್ಲಿ ಮೊಣಕಾಲೆತ್ತರ ಹುಲ್ಲು. ಕಂಬಕ್ಕೆ ಪಾಚಿ. ದೆವ್ವ ಇನ್ನೂ ಬಂದೇ ಇಲ್ಲ. ಅತ್ತೆ ಪರದೆಯತ್ತ ಕೈ ತೋರಿಸಿ ಒಂದೊಂದೇ ಹೇಳಿದರು. ಹೀಗೆ ಹುಲ್ಲು ಬರಲು ಎರಡು ಮಳೆಗಾಲ ಬೇಕು. ಅಷ್ಟು ಪಾಚಿಗೆ ಇನ್ನೂ ಜಾಸ್ತಿ. ಮೇಲಿನ ಕೇರಿಯಲ್ಲಿ ಬಾಗಿಲು ಹಾಕಿದ ಎರಡು ಮನೆಗಳ ಹೆಸರು ಹೇಳಿದರು. ಒಂದು ಮನೆಯ ಮಕ್ಕಳು ಬೆಂಗಳೂರಲ್ಲಿ, ಇನ್ನೊಂದರವರು ಅಮೆರಿಕದಲ್ಲಿ. ಅಲ್ಲಿನ ಅಂಗಳದಲ್ಲೂ ಈಗ ಇಷ್ಟೇ ಹುಲ್ಲು. ಮಾಣಿ ಮುಂದಿನ ವರ್ಷ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುವವನು. ಅವನು ಏನೂ ಮಾತಾಡಲಿಲ್ಲ. ಆ ರಾತ್ರಿ ಪಗಡೆಯ ಜಾಗದ ಬಗ್ಗೆ ನಾವು ಚರ್ಚೆಯನ್ನೇ ಮಾಡಲಿಲ್ಲ.

ನಾನು ನೋಟ್‌ಬುಕ್ ಬರೆಯುತ್ತಿದ್ದಾಗ ಅತ್ತೆ ಟಾರ್ಚ್ ತೆಗೆದುಕೊಂಡು ಮೆತ್ತು ಹತ್ತಿದರು. ಮಳೆ ಬಿಟ್ಟಿರಲಿಲ್ಲ. ಮೇಲಿನ ಹಲಗೆಯ ಮೇಲೆ ಅವರ ಹೆಜ್ಜೆಯ ಸದ್ದು ಮೂಲೆಯಿಂದ ಮೂಲೆಗೆ ಹೋಯಿತು, ಒಂದು ಕಡೆ ನಿಂತಿತು. ಆಮೇಲೆ ಮಗನನ್ನು ಕರೆದು, ಈಶಾನ್ಯದ ಮೂಲೆಯಲ್ಲಿ ಒಂದು ಹಂಚು ಜಾರಿದೆ, ನಾಳೆ ಬೆಳಗ್ಗೆಯೇ ಸರಿ ಮಾಡಿಸು ಅಂದರು. ಮಾಣಿ ಎದ್ದು, ನಾನೇ ಹತ್ತುತ್ತೇನೆ ದೊಡ್ಡಮ್ಮ ಅಂದ. ಬೆಳಗ್ಗೆ ಕಾಫಿಗೂ ಮೊದಲೇ ಬಂದು ಹತ್ತಿದ.