ಹುಬ್ಬಳ್ಳಿಯಿಂದ ಜೈಸಲ್ಮೇರ್ ಉಸುಕಿಗೆ ಗಾಡಿ ರೆಡಿ ಮಾಡೋದು: ರೊಕ್ಕ ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬಾರ್ದು

ನಮ್ಮ ಕಡೆ ಥಾರ್, ಜಿಮ್ನಿ, ಹಳೇ ಜಿಪ್ಸಿ ಇಟ್ಗೊಂಡವ್ರು ಚಳಿಗಾಲ ಬಂತಂದ್ರ ರಾಜಸ್ಥಾನ ರಾಜಸ್ಥಾನ ಅಂತಿರ್ತಾರ. ಕೇಳೋದು ಮಾತ್ರ ಗಾಡಿ ಎಷ್ಟು ಇಂಚು ಎತ್ತರಿಸ್ಬೇಕು, ಮುಂದ ಲೈಟ್ ಬಾರ್ ಯಾವ್ದು ಹಾಕ್ಬೇಕು ಅಂತ. ಎರಡೂ ಬ್ಯಾಡ್ರಿ. ಉಸುಕಿನ್ಯಾಗ ಟಾಯರಿನ್ಯಾಗ ಹವಾ ಕಡಿಮಿ ಇರ್ಬೇಕು, ಗಾಡಿ ಮ್ಯಾಲ ಭಾರ ಕಡಿಮಿ ಇರ್ಬೇಕು, ಅಷ್ಟ. ಉಳಿದ ಸಾಮಾನೆಲ್ಲಾ ಈ ಎರಡಕ್ಕ ಹೊಂದಿಸಿ ತಗೋಬೇಕು, ಇಲ್ಲಾಂದ್ರ ಲಕ್ಷ ರೂಪಾಯಿ ಖರ್ಚು ಮಾಡಿದ ಗಾಡಿ ಜೈಸಲ್ಮೇರ್ ಹತ್ರದ ಸಮ್ ಅನ್ನೋ ಊರಿನ ಉಸುಕಿನ ದಿಬ್ಬದ ಬುಡದಾಗ ಹುಗಿದು ಕುಂತಿರ್ತೈತಿ, ಬಾಜೂಕ ಏನೂ ಹಾಕಿಸ್ದ ಜಿಪ್ಸಿ ಆರಾಮ ಹತ್ತಿ ಹೋಗ್ತಿರ್ತೈತಿ.

ಟಾಯರಿಂದ ಶುರು ಮಾಡೂಣು. ನವಲಗುಂದ, ನರಗುಂದ ಕಡೆ ಎರಿ ಹೊಲದಾಗ ಮಳಿಗಾಲದಾಗ ಗಾಡಿ ಹೊಡದವ್ರ ತಲಿಯೊಳಗ ಒಂದು ಕುಂತಿರ್ತೈತಿ, ದೊಡ್ಡ ಬ್ಲಾಕಿನ ಮಡ್ ಟಾಯರ್ ಇದ್ರ ಎಲ್ಲಿ ಬೇಕಾದ್ರೂ ಹೋಗಬಹುದು ಅಂತ. ಎರಿ ಕೆಸರಿಗೆ ಅದು ಖರೇನ, ಯಾಕಂದ್ರ ಅಲ್ಲಿ ಟಾಯರ್ ಕೆಸರು ಹೊರಗ ಒಗದು ಕೆಳಗಿನ ಗಟ್ಟಿ ನೆಲ ಹಿಡಿಬೇಕು. ಉಸುಕಿನ ದಿಬ್ಬದ ಕೆಳಗ ಅಂಥಾ ಗಟ್ಟಿ ನೆಲ ಕೈಗೆ ಸಿಗಂಗಿಲ್ಲ, ಮಡ್ ಟಾಯರ್ ಕಚ್ಚಿದಷ್ಟೂ ಗುಂಡಿ ತೋಡ್ತೈತಿ, ಆಕ್ಸೆಲ್ ಮುಟ್ಟೋತನಕ ತೋಡ್ತೈತಿ. ಅದಕ್ಕ ರಸ್ತಾಕ್ಕೂ ಮಣ್ಣಿಗೂ ನಡಿಯೋ ಆಲ್ ಟೆರೇನ್ ಟಾಯರ್ ಸಾಕು, ಕಂಪನಿ ಕೊಟ್ಟ ಸೈಜ್ ಸಾಕು. ಹೋಗಿ ಬರೋದು ಸೇರಿ ಮೂರು ಸಾವಿರ ಕಿಲೋಮೀಟರ್ ಮ್ಯಾಲ ಡಾಂಬರ್ ರಸ್ತಾ ಐತಿ ಅನ್ನೋದೂ ನೆನಪಿರ್ಲಿ, ಮಡ್ ಟಾಯರಿನ ಗುಂಯ್ ಗುಂಯ್ ಕೇಳ್ಕೋತ ಪುಣೆ ದಾಟೋದ್ರಾಗ ತಲಿ ಹಿಡಿತೈತಿ.

ಈಗ ಹವಾ. ರಸ್ತಾದಾಗ 30-32 ಪಿಎಸ್‌ಐ ಇರೋದನ್ನ ಉಸುಕಿಗೆ ಇಳಿಯೋಕಿಂತ ಮೊದ್ಲ 18ಕ್ಕ ತರ್ರಿ, ಮೆತ್ತಗಿನ ಉಸುಕು ಬಂದ್ರ 15. ಹವಾ ಇಳಿಸಿದ್ರ ಟಾಯರ್ ಅಗಲ ಆಗ್ತೈತಿ ಅಂತ ಭಾಳ ಮಂದಿ ತಿಳ್ಕೊಂಡಾರ, ಅಗಲ ಆಗೋದು ಸ್ವಲ್ಪ, ನೆಲಕ್ಕ ಹತ್ತಿರೋ ಭಾಗ ಉದ್ದ ಆಗೋದ ಜಾಸ್ತಿ, ಅದರ ಮ್ಯಾಲನ ಗಾಡಿ ತೇಲ್ತೈತಿ. 12ರ ಕೆಳಗ ಹೋಗಬ್ಯಾಡ್ರಿ, ತಿರುವಿನ್ಯಾಗ ಟಾಯರ್ ರಿಮ್ ಬಿಟ್ಟು ಎದ್ದು ಬರ್ತೈತಿ. ಹವಾ ಕಡಿಮಿ ಇದ್ದಾಗ 40ರ ಮ್ಯಾಲ ಓಡಿಸಬಾರ್ದು, ಸ್ಟೇರಿಂಗ್ ಜೋರಾಗಿ ತಿರುವಬಾರ್ದು. ಅಳಿಯಾಕ ಒಂದು ಚಲೋ ಗೇಜ್ ತಗೋರಿ, ಮುಂಜಾನೆ ಟಾಯರ್ ತಣ್ಣಗಿದ್ದಾಗ ಅಳಿರಿ, ಮಧ್ಯಾಹ್ನ ಬಿಸಲಿಗೆ ಅದ ಟಾಯರ್ ಎರಡು ಮೂರು ಪಿಎಸ್‌ಐ ಜಾಸ್ತಿ ತೋರಸ್ತೈತಿ.

ಇಳಿಸಿದ್ದು ಮತ್ತ ತುಂಬಬೇಕಲ್ಲ, ಅಲ್ಲೇನು ಪಂಚರ್ ಅಂಗಡಿ ಕುಂತಿರಂಗಿಲ್ಲ. ಅದಕ್ಕ ಮೊದಲನೇ ರೊಕ್ಕ ಕಂಪ್ರೆಸರಿಗೆ ಹಾಕ್ರಿ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚೋ ಸಣ್ಣದು ಕಾರಿಗೆ ನಡಿತೈತಿ, ಥಾರಿನ ಟಾಯರ್ ನಾಲ್ಕೂ ತುಂಬೋ ಹೊತ್ತಿಗೆ ಅದು ಕಾದು ಬಂದ್ ಬೀಳ್ತೈತಿ, ಇಲ್ಲಾ ಫ್ಯೂಸ್ ಹಾರ್ತೈತಿ. ಬ್ಯಾಟರಿಗೆ ಕ್ಲಿಪ್ ಹಚ್ಚೋ ಡಬಲ್ ಸಿಲಿಂಡರಿಂದ ಬೇಕು, ಎಂಜಿನ್ ಚಾಲೂ ಇಟ್ಟ ತುಂಬಬೇಕು. ಮನಿ ಮುಂದ ಒಮ್ಮೆ ನಾಲ್ಕೂ ಟಾಯರ್ 15ಕ್ಕ ಇಳಿಸಿ ವಾಪಸ್ 32ಕ್ಕ ಏರಿಸಿ ನೋಡ್ರಿ, ಪೈಪ್ ಹಿಂದಿನ ಟಾಯರಿಗೆ ಮುಟ್ತೈತೋ ಇಲ್ಲೋ ಅನ್ನೋದು ಅವತ್ತ ಗೊತ್ತಾಗ್ಲಿ. ಪಂಚರ್ ಕಿಟ್ ಬೇಕ ಬೇಕು, ನಮ್ಮ ಬಳ್ಳಾರಿ ಜಾಲಿ ಅಲ್ಲೂ ಬೆಳದೈತಿ, ಮುಳ್ಳು ಇಲ್ಲಿಯಷ್ಟ ಚೂಪ.

ಸಿಕ್ಕೊಂಡಾಗ ಹೊರಗ ಬರೋ ಸಾಮಾನು ಎರಡನೇ ಖರ್ಚು. ಎಲ್ಲಾಕ್ಕಿಂತ ಮೊದ್ಲ ಸಲಿಕಿ, ಹಾರ್ಡ್‌ವೇರ್ ಅಂಗಡಿ ಸಲಿಕಿ ನಡಿತೈತಿ, ಹಿಡಿಕಿ ಮಾತ್ರ ಉದ್ದ ಇರ್ಲಿ, ಗಾಡಿ ಹೊಟ್ಟಿ ಕೆಳಗಿನ ಉಸುಕು ಎಳಿಯಾಕ ಮಡಚೋ ಸಣ್ಣ ಸಲಿಕಿ ಸಾಲಂಗಿಲ್ಲ. ಆಮ್ಯಾಲ ಎರಡು ರಿಕವರಿ ಬೋರ್ಡ್, ಪ್ಲಾಸ್ಟಿಕ್ ಹಲಗಿ ಇರ್ತಾವಲ್ಲ ಅವು. ಗಾಲಿ ಮುಂದಿನ ಉಸುಕು ತೆಗದು ಇಳಿಜಾರು ಮಾಡಿ ಹಲಗಿ ಒಳಗ ತೂರಿಸಿ ಸಾವಕಾಶ ಎತ್ತಬೇಕು, ಗಾಲಿ ಗರ ಗರ ತಿರುಗಿಸಿದ್ರ ಹಲಗಿ ಹಲ್ಲು ಸುಟ್ಟು ಕರಗ್ತಾವ. ಬಾಟಲ್ ಜ್ಯಾಕ್ ಒಯ್ಯೋದಾದ್ರ ಅದರ ಕೆಳಗ ಇಡಾಕ ಒಂದೂವರಿ ಫೂಟು ಚೌಕದ ದಪ್ಪ ಪ್ಲೈವುಡ್ ತುಂಡು ಕತ್ತರಿಸಿಕೊಂಡು ಹೋಗ್ರಿ, ಇಲ್ಲಾಂದ್ರ ಗಾಡಿ ಏರಂಗಿಲ್ಲ, ಜ್ಯಾಕ್ ಇಳಿತೈತಿ.

ಇನ್ನ ಹಗ್ಗ. ಇದೊಂದು ಜಾಗಾದಾಗ ಉಳಿತಾಯ ಮಾಡಬ್ಯಾಡ್ರಿ. ಟ್ರ್ಯಾಕ್ಟರ್ ಜಗ್ಗೋ ಸರಪಳಿ, ಸ್ಟೀಲ್ ವೈರ್, ಎರಡೂ ಬ್ಯಾಡ. ಉಸುಕಿಗೆ ಬೇಕಾಗೋದು ಕೈನೆಟಿಕ್ ಹಗ್ಗ, ಜಗ್ಗಿದಾಗ ಶೇಕಡಾ 20-30 ಹಿಗ್ಗಿ ಆ ಹಿಗ್ಗಿದ ಶಕ್ತಿಯಿಂದ ಗಾಡಿ ಕಿತ್ತು ತರ್ತೈತಿ. ಹಗ್ಗದ ತಾಕತ್ತು ಸಾಮಾನು ಸಮೇತ ಗಾಡಿ ತೂಕದ ಎರಡೂವರಿಯಿಂದ ಮೂರು ಪಟ್ಟು ಇರ್ಲಿ, ಅಂದ್ರ ಎರಡು ಟನ್ ಗಾಡಿಗೆ ಐದಾರು ಟನ್ನಿಂದು. ಕಟ್ಟೋದು ಚಾಸಿಗೆ ಬೋಲ್ಟ್ ಆಗಿರೋ ಹುಕ್ಕಿಗೆ ಮಾತ್ರ. ಟ್ರೇಲರ್ ಹಚ್ಚೋ ಗುಂಡು ಇರ್ತೈತಲ್ಲ, ಅದಕ್ಕ ಹಾಕಿ ಜಗ್ಗಿದ್ರ ಗುಂಡು ಮುರದು ಹಿಂದಿನ ಗಾಡಿ ಗ್ಲಾಸ್ ಒಡಕೊಂಡು ಒಳಗ ಬರ್ತೈತಿ, ಹಿಂಗ ಜೀವ ಹೋಗ್ಯಾವ. ಹಗ್ಗದ ನಡು ಒಂದು ಒದ್ದಿ ಗೋಣಿ ಚೀಲ ಹೊಚ್ಚ್ರಿ, ಹರಿದ್ರ ಅದು ಹಾರೋದು ಕಡಿಮಿ ಮಾಡ್ತೈತಿ, ನಿಂತ ಮಂದಿ ಹಗ್ಗದ ಉದ್ದದ ಒಂದೂವರಿ ಪಟ್ಟು ದೂರ ಹೋಗ್ಲಿ, ಮೊಬೈಲಿನ್ಯಾಗ ವಿಡಿಯೋ ಹಿಡಿಯಾವ್ನೂ. ಜಗ್ಗಾಕ ಇನ್ನೊಂದು ಗಾಡಿ ಬೇಕಲ್ಲ ಅಂದ್ರ, ಹೌದ್ರಿ, ಒಂದ ಗಾಡಿ ತಗೊಂಡು ದಿಬ್ಬಕ್ಕ ಇಳಿಯೋ ವಿಚಾರಾನ ಮಾಡಬ್ಯಾಡ್ರಿ.

ಭಾರದ ಲೆಕ್ಕ ಹಾಳಿ ಮ್ಯಾಲ ಬರಕೊಳ್ರಿ. ಕುಡಿಯಾಕ, ಅಡಗಿಗೆ ಸೇರಿ ಒಬ್ಬರಿಗೆ ದಿನಕ್ಕ 5 ಲೀಟರ್ ನೀರು, ನಾಲ್ಕು ಮಂದಿಗೆ ಮೂರು ದಿನ ಅಂದ್ರ 60 ಲೀಟರ್, ಅಂದ್ರ 60 ಕಿಲೋ. ಒಂದ ದೊಡ್ಡ ಟಾಕಿ ಬ್ಯಾಡ, 20 ಲೀಟರಿನ ಮೂರು ಕ್ಯಾನ್ ಇದ್ರ ಒಂದು ಸೋರಿದ್ರೂ ಉಳಿದಾವು ಇರ್ತಾವ. ಕ್ಯಾನ್ ಹಿಂದಿನ ಸೀಟಿನ ಬೆನ್ನಿಗೆ ಹಚ್ಚಿ ಕೆಳಗ ಇಟ್ಟು ರ‍್ಯಾಚೆಟ್ ಬೆಲ್ಟಿನಿಂದ ಬಿಗೀರಿ. ನೀರು, ಡೀಸೆಲ್, ಸ್ಪೇರ್ ಟಾಯರ್ ಎಲ್ಲಾ ರೂಫ್ ಕ್ಯಾರಿಯರ್ ಮ್ಯಾಲ ಹೇರ್ಕೊಂಡು ಹೋಗೋರನ್ನ ನೋಡ್ರಿ, ಫೋಟೋದಾಗ ಛಂದ ಕಾಣ್ತೈತಿ, ದಿಬ್ಬದ ಅಡ್ಡ ಇಳಿಜಾರಿನ್ಯಾಗ ಅದ ಭಾರ ಗಾಡಿ ಪಲ್ಟಿ ಹೊಡಸ್ತೈತಿ. ಟೆಂಟಿನ ಬಟ್ಟಿ, ತಾಡಪತ್ರಿ, ಹಾಸಿಗಿ, ಇಂಥಾ ಹಗುರ ಸಾಮಾನಷ್ಟ ಮ್ಯಾಲ ಹೋಗ್ಲಿ.

ರಸ್ತಾದಾಗ ಲೀಟರಿಗೆ 12 ಕೊಡೋ ಗಾಡಿ ಉಸುಕಿನ್ಯಾಗ 5-6ಕ್ಕ ಇಳಿದ್ರೂ ಗಾಬರಿ ಆಗಬ್ಯಾಡ್ರಿ. ಜಿಮ್ನಿ ಟಾಕಿ 40 ಲೀಟರ್, ಥಾರಿಂದು 57, ಅದರ ಮ್ಯಾಲ ಪ್ಲಾನ್ ಮಾಡ್ರಿ. ಜೈಸಲ್ಮೇರಿನ್ಯಾಗ ಫುಲ್ ಮಾಡ್ರಿ, ಗಡಿ ಹತ್ರದ ತನೋಟ್ ಕಡೆ ಹೊಂಟ್ರ ರಾಮಗಢ ದಾಟಿದ ಮ್ಯಾಲ ಪಂಪಿನ ಭರೋಸಾ ಇಟ್ಗೋಬ್ಯಾಡ್ರಿ. ಹೆಚ್ಚಿಗಿ ಎಣ್ಣಿ ಒಯ್ಯೋದಾದ್ರ ಲೋಹದ ಜೆರ್ರಿಕ್ಯಾನಿನ್ಯಾಗ, ಪ್ಲಾಸ್ಟಿಕ್ ಕ್ಯಾನಿನ್ಯಾಗ ಅಲ್ಲ.

ಎಂಜಿನ್ ಕಡೆ ಕೆಲಸ ಕಡಿಮಿ. ಕೂಲಂಟ್, ಬೆಲ್ಟ್, ರೇಡಿಯೇಟರ್ ಪೈಪ್ ಗೋಕುಲ ರೋಡಿನ ನಿಮ್ಮ ಮೆಕ್ಯಾನಿಕ್ ಕಡೆ ತೋರ್ಸ್ರಿ, ಒಂದು ಹೊಸ ಏರ್ ಫಿಲ್ಟರ್ ಜೋಡಿ ಒಯ್ರಿ. ದಿನಾ ಸಂಜಿಕ ಹಳೇದು ತೆಗದು ನೆಲಕ್ಕ ಮೆತ್ತಗ ಬಡದು ಧೂಳಿ ಉದುರಿಸ್ರಿ, ಕಾಗದದ ಫಿಲ್ಟರ್ ನೀರಾಗ ತೊಳಿಬ್ಯಾಡ್ರಿ. ಸ್ನಾರ್ಕೆಲ್, ಅಂದ್ರ ಎಂಜಿನ್ನಿಗೆ ಮ್ಯಾಲಿಂದ ಗಾಳಿ ಎಳಿಯೋ ಪೈಪ್, ಬೇಕಾ ಅಂತ ಕೇಳ್ತಾರ, ದಿನಾ ಫಿಲ್ಟರ್ ಬಡಿಯೋ ರೂಢಿ ಇದ್ರ ಬ್ಯಾಡ. ಗಾಡಿಗೆ ಎಂಟು ಹತ್ತು ಫೂಟಿನ ಕೋಲಿಗೆ ಬಣ್ಣದ ಧ್ವಜ ಕಟ್ಟ್ರಿ, ದಿಬ್ಬದ ಆಚೆ ಕಡೆಯಿಂದ ಏರೋ ಗಾಡಿಗೆ ನೀವು ಬರೋದು ಗೊತ್ತಾಗೋದು ಅದರಿಂದನ, ಎರಡು ಗಾಡಿ ಶಿಖರದ ಮ್ಯಾಲ ಎದುರು ಬದುರು ಆಗೋದು ಅಲ್ಲಿಯ ದೊಡ್ಡ ಅಪಾಯ.

ಕಾಯ್ದೆ ಮಾತು. ಬುಲ್ ಬಾರ್, ಅಂದ್ರ ಬಂಪರ್ ಮುಂದಿನ ಕಬ್ಬಿಣದ ಗಾರ್ಡ್, ಹಾಕಿಸಬ್ಯಾಡ್ರಿ, 2017ರ ಡಿಸೆಂಬರಿನ್ಯಾಗನ ಕೇಂದ್ರ ಸಾರಿಗೆ ಇಲಾಖೆ ಅದರ ಮ್ಯಾಲ ಕ್ರಮ ತಗೋರಿ ಅಂತ ರಾಜ್ಯಗಳಿಗೆ ಬರದೈತಿ, ಅಪಘಾತದಾಗ ಏರ್‌ಬ್ಯಾಗ್ ಸೆನ್ಸರಿಗೂ ಅದು ತೊಂದ್ರಿ. ಗಾಡಿ ರೂಪ ಬದಲಿ ಮಾಡಿದ್ರ ಮೋಟಾರು ವಾಹನ ಕಾಯ್ದೆ 52ನೇ ಕಲಮಿನ್ಯಾಗ ಬರ್ತೈತಿ, ನಾಲ್ಕು ರಾಜ್ಯ ದಾಟಿ ಹೋಗೋವಾಗ ಪ್ರತಿ ಚೆಕ್‌ಪೋಸ್ಟಿನ್ಯಾಗ ಆ ವಾದ ಯಾಕ? ಸ್ಯಾಟಲೈಟ್ ಫೋನ್ ಲೈಸೆನ್ಸ್ ಇಲ್ದ ಇಟ್ಗೊಳ್ಳೋದು ಅಪರಾಧ, ದುಬೈಯಿಂದ ಯಾರೋ ತಂದು ಕೊಟ್ಟಾರ ಅಂತ ಗಡಿ ಜಿಲ್ಲಾಕ್ಕ ಒಯ್ಯಬ್ಯಾಡ್ರಿ. ಗಾಡಿ ಗಾಡಿ ನಡು ಮಾತಾಡಾಕ 865ರಿಂದ 868 ಮೆಗಾಹರ್ಟ್ಜ್ ಒಳಗಿನ, ಲೈಸೆನ್ಸ್ ಬೇಡದ ವಾಕಿಟಾಕಿ ಸಿಗ್ತಾವ. ನಕಾಶಿ ಮೊದ್ಲ ಆಫ್‌ಲೈನ್ ಇಳಿಸಿಕೊಳ್ರಿ. ಪಾಕಿಸ್ತಾನ ಗಡಿ ಹತ್ರ ಹೋಗಾಕ ಪರ್ಮಿಶನ್ ಬೇಕಾಗೋ ಜಾಗಾ ಅದಾವ, ಜೈಸಲ್ಮೇರ್ ಜಿಲ್ಲಾ ಆಫೀಸಿನ್ಯಾಗ ಕೇಳಿನ ಮುಂದ ಹೋಗ್ರಿ. ಡೆಸರ್ಟ್ ನ್ಯಾಷನಲ್ ಪಾರ್ಕಿನ ಹದ್ದಿನ್ಯಾಗ ಹಾದಿ ಬಿಟ್ಟು ಗಾಡಿ ಇಳಸಲೇಬಾರ್ದು, ಎರೆಭೂತ ಹಕ್ಕಿ ನೆಲದ ಮ್ಯಾಲನ ಮೊಟ್ಟಿ ಇಡ್ತೈತಿ, ಹಿಂದಕ್ಕ ನಮ್ಮ ರಾಣಿಬೆನ್ನೂರು ಕಡೆನೂ ಇದ್ದ ಹಕ್ಕಿ ಅದು, ಈಗ ಉಳಿದಿದ್ದು ಹೆಚ್ಚು ಕಡಿಮಿ ಅಲ್ಲೇ.

ಊಟದ್ದು ನಮಗ ಚಿಂತಿನ ಇಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಭಾರ ಇಲ್ಲ, ಕೆಡಂಗಿಲ್ಲ, ಒಲಿ ಹಚ್ಚೋ ಕೆಲಸ ಇಲ್ಲ. ರೊಟ್ಟಿ ಮಾತ್ರ ಗಟ್ಟಿ ಡಬ್ಬಿಯೊಳಗ ಇಡ್ರಿ, ಚೀಲದಾಗ ಇಟ್ರ ಅಹಮದಾಬಾದ್ ಮುಟ್ಟೋದ್ರಾಗ ಪುಡಿ ಆಗಿರ್ತೈತಿ. ಚಳಿಗಾಲದಾಗ ರಾತ್ರಿ 10 ಡಿಗ್ರಿ ಕೆಳಗ ಇಳಿತೈತಿ, ಧಾರವಾಡದ ಚಳಿ ನೋಡೇವಿ ಅಂತ ತೆಳ್ಳನ ಚಾದರ ಒಯ್ಯಬ್ಯಾಡ್ರಿ.

ಉಸುಕಿಂದ ಹೊರಗ ಬಂದ ಕೂಡ್ಲೇ, ಡಾಂಬರ್ ಹತ್ತೋಕಿಂತ ಮೊದ್ಲ ಹವಾ ತುಂಬ್ರಿ. ಬರೋವಾಗ ಕಛ್ ರಣ್ ಕಡೆ ಹಾದು ಬಂದಿದ್ರ ಊರಿಗೆ ಮುಟ್ಟಿದ ದಿನಾನ ಗಾಡಿ ಹೊಟ್ಟಿ ಜೋರು ನೀರಿಲೆ ತೊಳಸ್ರಿ, ಉಪ್ಪು ಚಾಸಿ ಮೂಲಿಯೊಳಗ ಕುಂತು ಕಬ್ಬಿಣ ತಿಂತೈತಿ, ಮ್ಯಾಲಿನ ಬಾಡಿ ಪಾಲಿಶ್ ಆಮ್ಯಾಲ ಮಾಡಿಸಿದ್ರೂ ನಡಿತೈತಿ.